ವಲೆನ್ಸಿಯಾದ ನೀರಿನ ಪಂಚಾಯಿತಿಯೂ ಕರಗುತ್ತಿರುವ ಹೊಲಗಳೂ

ವಲೆನ್ಸಿಯಾದ ನೀರಿನ ನ್ಯಾಯಮಂಡಳಿಯನ್ನು ಪ್ರವಾಸಿಗರು ತಪ್ಪದೆ ನೋಡಬೇಕಾದ ಒಂದು ದೃಶ್ಯವೆಂಬಂತೆ ವರ್ಣಿಸುವ ಬರಹಗಳನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಸ್ಪೇನಿನ ಪೂರ್ವ ಕರಾವಳಿಯ ಆ ನಗರದಲ್ಲಿ ಪ್ರತಿ ಗುರುವಾರ ನಡುಹಗಲು 12 ಗಂಟೆಗೆ, ಕಥೆಡ್ರಲ್‌ನ ಅಪೊಸ್ತಲರ ಬಾಗಿಲ ಮುಂದೆ, ಕಪ್ಪು ನಿಲುವಂಗಿ ತೊಟ್ಟ ರೈತ ಪ್ರತಿನಿಧಿಗಳು ಮರ ಮತ್ತು ಚರ್ಮದ ಹಳೆಯ ಕುರ್ಚಿಗಳಲ್ಲಿ ಸುತ್ತಲೂ ಕೂತು, ತಮ್ಮ ಕಾಲುವೆಗಳ ನೀರಿನ ತಂಟೆಗಳನ್ನು ಬಗೆಹರಿಸುತ್ತಾರೆ. ಸುತ್ತ ನೆರೆದವರು ಕ್ಯಾಮೆರಾ ಎತ್ತಿ ಹಿಡಿಯುತ್ತಾರೆ. ಬಹುತೇಕ ಗುರುವಾರಗಳಲ್ಲಿ ದೂರುಗಳೇ ಇರುವುದಿಲ್ಲವಾದ್ದರಿಂದ ಕೆಲವೇ ನಿಮಿಷಗಳಲ್ಲಿ ಕಲಾಪ ಮುಗಿಯುತ್ತದೆ, ಜನ ಚದುರುತ್ತಾರೆ. ಆ ಕೆಲವು ನಿಮಿಷಗಳನ್ನು ಕಾಪಾಡಲು ಸ್ಪೇನ್ ಮಾಡಿರುವ ಪ್ರಯತ್ನದ ಅರ್ಧದಷ್ಟನ್ನಾದರೂ ಆ ನ್ಯಾಯಮಂಡಳಿಗೆ ಕೆಲಸ ಕೊಡುವ ಹೊಲಗಳನ್ನು ಕಾಪಾಡಲು ಮಾಡಿದ್ದರೆ ಇಂದು ವಲೆನ್ಸಿಯಾದ ಸುತ್ತಲಿನ ನೆಲ ಬೇರೆಯಾಗಿಯೇ ಇರುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನೆಲದ ಪರಿಚಯ ಆಗಬೇಕು. ತೂರಿಯಾ ನದಿ ಒಳನಾಡಿನ ತೆರುಯೆಲ್ ಪ್ರಾಂತ್ಯದ ಬೆಟ್ಟಗಳಲ್ಲಿ ಹುಟ್ಟಿ, ಸುಮಾರು 280 ಕಿಲೋಮೀಟರ್ ಹರಿದು, ವಲೆನ್ಸಿಯಾದ ಬಳಿ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 450 ಮಿಲಿಮೀಟರ್‌ನ ಆಸುಪಾಸು. ಅದರಲ್ಲಿಯೂ ದೊಡ್ಡ ಪಾಲು ಶರತ್ಕಾಲದಲ್ಲಿ, ಕೆಲವೊಮ್ಮೆ ಒಂದೆರಡು ದಿನಗಳ ಕುಂಭದ್ರೋಣ ಮಳೆಯಾಗಿ ಸುರಿದುಬಿಡುತ್ತದೆ. ಬೆಳೆಗೆ ನೀರು ಅತ್ಯಗತ್ಯವಾದ ಬೇಸಿಗೆಯಲ್ಲಿ ಆಕಾಶ ಏನನ್ನೂ ಕೊಡುವುದಿಲ್ಲ. ಇಂಥ ಕಡೆ ವರ್ಷಪೂರ್ತಿ ತರಕಾರಿ ಬೆಳೆಯುವ ಹಸಿರು ಬಯಲೊಂದು ಇದೆಯೆಂದರೆ ಅದಕ್ಕೆ ಕಾರಣ ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಒಡ್ಡುಗಳು ಮತ್ತು ಅವುಗಳಿಂದ ಎರಡೂ ದಡಗಳಿಗೆ ಹೊರಟ ಕಾಲುವೆಗಳು. ಬಲದಂಡೆಯಲ್ಲಿ ಕ್ವಾರ್ತ್, ಬೆನಾಜೆರ್-ಫೈತಾನಾರ್, ಮಿಸ್ಲಾತಾ, ಫವಾರಾ, ರೊವೆಲ್ಯಾ. ಎಡದಂಡೆಯಲ್ಲಿ ತೋರ್ಮೋಸ್, ಮೆಸ್ತಾಯಾ, ರಸ್ಕಾನ್ಯಾ. ಚಿರಿವೆಲ್ಯಾ ಎಂಬ ಚಿಕ್ಕ ಕಾಲುವೆಯ ರೈತರು ಮಿಸ್ಲಾತಾದವರ ಜೊತೆಗಿರುವುದರಿಂದ ಸಮುದಾಯಗಳು ಒಂಬತ್ತಾದರೂ ಪ್ರತಿನಿಧಿಗಳು ಎಂಟು ಮಂದಿ. ಈ ನೀರಾವರಿ ಬಯಲನ್ನು ಅಲ್ಲಿನವರು ‘ಓರ್ತಾ’ ಎನ್ನುತ್ತಾರೆ. ಫುಟ್‌ಬಾಲ್ ಅಭಿಮಾನಿಗಳಿಗೆ ಮೆಸ್ತಾಯಾ ಎಂದರೆ ವಲೆನ್ಸಿಯಾ ಕ್ಲಬ್ಬಿನ ಕ್ರೀಡಾಂಗಣ. ಆ ಕ್ರೀಡಾಂಗಣಕ್ಕೆ ಹೆಸರು ಬಂದದ್ದು ಇದೇ ಕಾಲುವೆಯಿಂದ.

ಕಾಲುವೆಗಳ ಜಾಲದಲ್ಲಿ ನನಗೆ ಬಹಳ ಇಷ್ಟವಾದದ್ದು ನೀರು ಕವಲೊಡೆಯುವ ಜಾಗ. ಹರಿವಿನ ನಟ್ಟನಡುವೆ ಚೂಪುಮೂತಿಯ ಕಲ್ಲನ್ನು ಹುಗಿದಿರುತ್ತಾರೆ. ನೀರು ಅದರ ಅಂಚಿಗೆ ಬಡಿದು, ಎಡಕ್ಕಿಷ್ಟು ಬಲಕ್ಕಿಷ್ಟು ಎಂದು ತನ್ನಷ್ಟಕ್ಕೆ ಸೀಳಿಕೊಂಡು ಮುಂದೆ ಸಾಗುತ್ತದೆ. ಅಲ್ಲಿ ಮೀಟರೂ ಇಲ್ಲ, ಅಳೆಯಲು ಕೂತ ಗುಮಾಸ್ತನೂ ಇಲ್ಲ. ಹಂಚಿಕೆಯ ತತ್ವವೂ ಆ ಕಲ್ಲಿನಲ್ಲಿಯೇ ಇದೆ: ಯಾವ ಕಾಲುವೆಗೂ ಇಂತಿಷ್ಟು ಲೀಟರು ಎಂಬ ಹಕ್ಕಿಲ್ಲ, ನದಿಯಲ್ಲಿ ಇರುವ ನೀರಿನಲ್ಲಿ ಇಂತಿಷ್ಟು ಪಾಲು ಎಂಬ ಹಕ್ಕು ಮಾತ್ರ ಇದೆ. ನದಿ ತುಂಬಿದರೆ ಎಲ್ಲರಿಗೂ ಹೆಚ್ಚು, ಬತ್ತಿದರೆ ಎಲ್ಲರಿಗೂ ಕಡಿಮೆ. ನೀರು ಹೊಲಕ್ಕೆ ಅಂಟಿಕೊಂಡ ಸ್ವತ್ತಾದುದರಿಂದ ಹೊಲವನ್ನು ಇಟ್ಟುಕೊಂಡು ನೀರನ್ನಷ್ಟೇ ಬೇರೆಯವರಿಗೆ ಮಾರುವಂತಿಲ್ಲ. ಬರದ ನಷ್ಟವನ್ನು ಕಾಲುವೆಯ ಕೊನೆಯಲ್ಲಿರುವ ಬಡಪಾಯಿಯ ತಲೆಗೆ ಕಟ್ಟದೆ ಎಲ್ಲರಿಗೂ ಹಂಚುವ ಈ ಏರ್ಪಾಡು ಅಲ್ಲಿನ ರೈತರ ವಿವೇಕಕ್ಕೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ.

ಕಲಾಪವನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಅದರ ಗಾಂಭೀರ್ಯ ತಟ್ಟದೆ ಇರುವುದಿಲ್ಲ. ಕಥೆಡ್ರಲ್‌ನ ಮಿಕಾಲೆತ್ ಗೋಪುರದ ಗಂಟೆ ಹನ್ನೆರಡು ಬಾರಿಸಿದೊಡನೆ, ಹಿತ್ತಾಳೆಯ ಕೊಕ್ಕೆಯ ಕೋಲನ್ನು ಹಿಡಿದ ಜವಾನ ಮುಂದೆ ಬಂದು, ಅಧ್ಯಕ್ಷರ ಅಪ್ಪಣೆ ಪಡೆದು, ‘ಕ್ವಾರ್ತ್ ಕಾಲುವೆಯ ಆಪಾದಿತರು!’ ಎಂದು ವಲೆನ್ಸಿಯನ್ ಭಾಷೆಯಲ್ಲಿ ಕೂಗುತ್ತಾನೆ. ಯಾರೂ ಬಾರದಿದ್ದರೆ ಮುಂದಿನ ಕಾಲುವೆಯ ಹೆಸರು. ಆ ಕೊಕ್ಕೆ ಕೇವಲ ಅಲಂಕಾರಕ್ಕಲ್ಲ, ತೂಬಿನ ಹಲಗೆಗಳನ್ನು ಎತ್ತಲು ಕಾಲುವೆಯ ಮೇಲೆ ಬಳಸುತ್ತಿದ್ದ ಸಾಧನದ್ದೇ ರೂಪ. ದೂರು ಇದ್ದರೆ ಕಾಲುವೆಯ ನೀರಗಂಟಿ ಅಥವಾ ತೊಂದರೆಗೊಳಗಾದ ನೆರೆಯವನು ತನ್ನ ಅಹವಾಲನ್ನು ಹೇಳುತ್ತಾನೆ, ಆಪಾದಿತ ಉತ್ತರಿಸುತ್ತಾನೆ. ವಕೀಲರಿಗೆ ಪ್ರವೇಶವಿಲ್ಲ. ವಿಚಾರಣೆ ಪೂರ್ತಿ ಬಾಯಿಮಾತಿನಲ್ಲಿ. ತಗಾದೆಗಳಾದರೂ ಎಂಥವು? ಸರದಿ ತಪ್ಪಿಸಿ ನೀರು ಹಾಯಿಸಿಕೊಂಡದ್ದು, ಬರಗಾಲದಲ್ಲಿ ನೀರು ಕದ್ದದ್ದು, ಬದುವಿನ ಕಟ್ಟೆ ಒಡೆದದ್ದು, ತನ್ನ ಪಾಲಿನ ಕಾಲುವೆಯ ಹೂಳೆತ್ತದೆ ಬಿಟ್ಟದ್ದು, ಅಜಾಗರೂಕತೆಯಿಂದ ಹೆಚ್ಚು ನೀರು ಬಿಟ್ಟು ಪಕ್ಕದವನ ಬೆಳೆಯನ್ನು ಮುಳುಗಿಸಿದ್ದು. ಕೇಳುವವರು ಕೂಡ ಸ್ವಂತ ಹೊಲದಲ್ಲಿ ದುಡಿಯುವ ರೈತರೇ, ತಮ್ಮ ಕಾಲುವೆಯ ಬಳಕೆದಾರರಿಂದ ಆಯ್ಕೆಯಾದವರು. ಆದ್ದರಿಂದ ಅವರಿಗೆ ಯಾವ ತೂಬು ಎಲ್ಲಿದೆ, ಯಾವ ತಿಂಗಳಲ್ಲಿ ಯಾವ ಬೆಳೆಗೆ ನೀರು ತಡೆಯಲಾಗದು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮೆಚ್ಚಬೇಕಾದ ನಿಯಮ ಪಕ್ಷಪಾತವನ್ನು ತಡೆಯುವಂಥದ್ದು: ಆಪಾದಿತನ ಕಾಲುವೆಯ ಪ್ರತಿನಿಧಿ ತೀರ್ಪಿನಲ್ಲಿ ಭಾಗವಹಿಸುವುದಿಲ್ಲ, ಮತ್ತು ಆಪಾದಿತನು ಒಂದು ದಂಡೆಯವನಾದರೆ ತೀರ್ಪನ್ನು ಸೂಚಿಸುವವರು ಎದುರು ದಂಡೆಯವರು. ತೀರ್ಪು ಅಲ್ಲಿಯೇ, ಆಗಲೇ, ಅದಕ್ಕೆ ಮೇಲ್ಮನವಿಯಿಲ್ಲ.

ಈ ಮಂಡಳಿಯ ವಯಸ್ಸಿನ ಬಗ್ಗೆ ಹೇಳಲೇಬೇಕು, ಏಕೆಂದರೆ ‘ಸಾವಿರ ವರ್ಷದ ನ್ಯಾಯಾಲಯ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಕೊರ್ದೊಬಾದ ಖಲೀಫ ಮೂರನೆಯ ಅಬ್ದ್ ಅಲ್ ರಹಮಾನನ ಕಾಲದಲ್ಲಿ, 960ರಲ್ಲಿ ಇದು ಸ್ಥಾಪನೆಯಾಯಿತೆಂಬ ನಂಬಿಕೆಯ ಮೇರೆಗೆ 1960ರಲ್ಲಿ ಸಹಸ್ರಮಾನೋತ್ಸವವನ್ನೂ ಆಚರಿಸಲಾಯಿತು. ಆ ಇಸವಿಗೆ ಗಟ್ಟಿಯಾದ ದಾಖಲೆ ಇಲ್ಲ. ದಾಖಲೆ ಇರುವುದು ಅದಕ್ಕಿಂತ ಸ್ವಾರಸ್ಯಕರವಾದ ಇನ್ನೊಂದು ಸಂಗತಿಗೆ: 1238ರಲ್ಲಿ ಅರಗಾನಿನ ರಾಜ ಒಂದನೆಯ ಜೌಮೆ ಮುಸ್ಲಿಂ ಅರಸರಿಂದ ವಲೆನ್ಸಿಯಾವನ್ನು ಗೆದ್ದಾಗ, ಮಸೀದಿಯನ್ನು ಕಥೆಡ್ರಲ್ ಮಾಡಿದ, ಮನೆ ಹೊಲಗಳನ್ನು ತನ್ನವರಿಗೆ ಹಂಚಿದ, ಆದರೆ ನೀರಿನ ವಿಷಯ ಬಂದಾಗ ಅದು ಮುಸ್ಲಿಮರ ಕಾಲದಲ್ಲಿ ಹೇಗೆ ನಡೆದುಕೊಂಡು ಬಂದಿತ್ತೋ ಹಾಗೆಯೇ ಮುಂದುವರಿಯಬೇಕೆಂದು ಶಾಸನ ಮಾಡಿದ. ಗೆದ್ದ ರಾಜ ಸೋತವರ ನೀರಿನ ಪದ್ಧತಿಯ ಮುಂದೆ ತಲೆಬಾಗಿದ ಈ ಘಟನೆಯನ್ನು ನಾನು ಆ ಸಹಸ್ರಮಾನೋತ್ಸವಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ.

ಆಮೇಲೆ ಮಂಡಳಿ ಹಾದುಬಂದ ಕಂಟಕಗಳು ಒಂದೆರಡಲ್ಲ. 1609ರಿಂದ ಮೊರಿಸ್ಕೊ ಜನರನ್ನು, ಅಂದರೆ ಮತಾಂತರಗೊಂಡ ಮುಸ್ಲಿಂ ಮೂಲದವರನ್ನು ಹೊರದೂಡಿದಾಗ ವಲೆನ್ಸಿಯಾ ರಾಜ್ಯ ತನ್ನ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗವನ್ನು ಕಳೆದುಕೊಂಡಿತು. 1707ರ ಅಲ್ಮಾನ್ಸಾ ಕದನದ ನಂತರ ಸ್ಪೇನಿನ ರಾಜ ಐದನೆಯ ಫಿಲಿಪ್ ವಲೆನ್ಸಿಯಾದ ಸ್ವಂತ ಕಾನೂನುಗಳನ್ನೆಲ್ಲ ರದ್ದುಮಾಡಿದ. ಸರ್ಕಾರದ ವ್ಯವಹಾರ ಕ್ಯಾಸ್ಟಿಲಿಯನ್ ಭಾಷೆಗೆ, ಅಂದರೆ ನಾವು ಸ್ಪ್ಯಾನಿಷ್ ಎನ್ನುವ ನುಡಿಗೆ ತಿರುಗಿತು. ಕಥೆಡ್ರಲ್ ಬಾಗಿಲಲ್ಲಿ ಮಾತ್ರ ರೈತರು ತಮ್ಮ ನುಡಿಯಲ್ಲಿಯೇ ವಾದಿಸುತ್ತಿದ್ದರು. ಬರವಣಿಗೆಯ ಗೊಡವೆಯಿಲ್ಲದ ನ್ಯಾಯಕ್ಕೆ ಆಡುನುಡಿಯೇ ಸಾಕಾಗಿತ್ತು. 1812ರ ಕಾದಿಸ್ ಸಂವಿಧಾನ ವಿಶೇಷ ನ್ಯಾಯಾಲಯಗಳನ್ನು ಕಿತ್ತುಹಾಕಲು ಹೊರಟಾಗ, ವಲೆನ್ಸಿಯಾದ ಪ್ರತಿನಿಧಿ ಫ್ರಾನ್ಸಿಸ್ಕೊ ಶಾವಿಯೆರ್ ಬೊರ್ರುಲ್ ಮರುವರ್ಷ ಸಂಸತ್ತಿನಲ್ಲಿ ಇದರ ಪರವಾಗಿ ನಿಂತು ಮಾತನಾಡಿದರು. ಕೊನೆಗೆ ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಕಳೆದು ಬಂದ 1978ರ ಸಂವಿಧಾನ ಸಾಂಪ್ರದಾಯಿಕ ನ್ಯಾಯಾಲಯಗಳಿಗೆ ಮಾನ್ಯತೆ ಕೊಟ್ಟಿತು. 1985ರ ನ್ಯಾಯಾಂಗ ಕಾಯ್ದೆ ಈ ಮಂಡಳಿಯನ್ನು ಹೆಸರಿಸಿಯೇ ಗುರುತಿಸಿತು. ಹೀಗೆ ಕಾನೂನಿನ ಕಡೆಯಿಂದ ಇದಕ್ಕೆ ಇಂದು ಯಾವ ಕುತ್ತೂ ಇಲ್ಲ.

ಕುತ್ತು ಇರುವುದು ನೆಲದ ಕಡೆಯಿಂದ. 1957ರ ಅಕ್ಟೋಬರ್ 14ರಂದು ತೂರಿಯಾ ಉಕ್ಕಿ ನಗರವನ್ನು ಮುಳುಗಿಸಿ ಕನಿಷ್ಠ 81 ಮಂದಿಯನ್ನು ಬಲಿತೆಗೆದುಕೊಂಡಿತು. ಆಗ ಸರ್ಕಾರ ನದಿಯನ್ನೇ ನಗರದ ದಕ್ಷಿಣಕ್ಕೆ ತಿರುಗಿಸುವ ಯೋಜನೆಗೆ ಕೈಹಾಕಿತು. ಹೊಸ ಪಾತ್ರವನ್ನು ದಕ್ಷಿಣದ ಓರ್ತಾದ ಎದೆಯ ಮೇಲೆಯೇ ಕೊರೆಯಲಾಯಿತು. ಅದರ ಜೊತೆಗೆ ಹೆದ್ದಾರಿ, ಅದರ ಬೆನ್ನಿಗೆ ಕಾರ್ಖಾನೆ ಮತ್ತು ಬಡಾವಣೆಗಳು. ನಗರದೊಳಗಿನ ಹಳೆಯ ಪಾತ್ರದಲ್ಲಿ ರಸ್ತೆ ಹಾಯಿಸುವ ಆಲೋಚನೆಯನ್ನು ಜನ ಹೋರಾಡಿ ತಡೆದು ಅದನ್ನು ಉದ್ಯಾನವಾಗಿಸಿಕೊಂಡರು. ಇಂದು ಊರಿನ ನಡುವೆ ಹಸಿರು ನದಿಯಂತೆ ಹಬ್ಬಿರುವ ಆ ಉದ್ಯಾನ ನಿಜಕ್ಕೂ ಸುಂದರ. ಆದರೆ ಹೊರಗಿನ ಹೊಲಗಳ ಪರವಾಗಿ ಅಷ್ಟು ದೊಡ್ಡ ದನಿ ಏಳಲಿಲ್ಲ. ಬಂದರಿನ ಹಿಂಬದಿಯ ಲಾ ಪುಂತಾ ಎಂಬ ಕಡೆ ಸರಕು ಸಾಗಣೆ ಕೇಂದ್ರಕ್ಕೆಂದು ಈ ಶತಮಾನದ ಆರಂಭದಲ್ಲಿ ರೈತರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ಕೆಡವಿದರು. ಆ ಜಾಗ ನಂತರ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿತ್ತು. ಬೆಳೆಯುತ್ತಿದ್ದ ನೆಲವನ್ನು ಕಿತ್ತುಕೊಂಡು ಹಾಳುಬಿಟ್ಟ ಇಂಥ ಕೆಲಸಕ್ಕೆ ಅಭಿವೃದ್ಧಿಯೆಂಬ ಹೆಸರನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಂದು ರೊವೆಲ್ಯಾ ಕಾಲುವೆಯ ಹೊಲಗಳು ಬಹುಪಾಲು ಕಟ್ಟಡಗಳಡಿ ಸೇರಿವೆ. ಒಂದು ಕಾಲದಲ್ಲಿ ಹಳೆಯ ಪಟ್ಟಣದ ಒಳಗೇ ಹರಿದು ಗಿರಣಿಗಳನ್ನು ತಿರುಗಿಸಿ, ಚರಂಡಿಗಳನ್ನು ತೊಳೆದು, ತೋಟಗಳಿಗೆ ಹೋಗುತ್ತಿದ್ದ ಕಾಲುವೆ ಅದು. ಮೆಸ್ತಾಯಾದ ಗತಿಯೂ ಹೆಚ್ಚು ಭಿನ್ನವಲ್ಲ. ಗುರುವಾರ ಜವಾನ ಆ ಹೆಸರುಗಳನ್ನು ಕೂಗಿದಾಗ ಯಾರೂ ಬಾರದಿರುವುದಕ್ಕೆ ಸೌಹಾರ್ದವೊಂದೇ ಕಾರಣವೆಂದು ನೋಡುಗರು ಸಂತೋಷಪಡುವ ಮೊದಲು, ತಗಾದೆ ಹುಟ್ಟಲು ಬೇಕಾದ ಹೊಲವೇ ಎಷ್ಟು ಉಳಿದಿದೆಯೆಂದು ಕೇಳಿಕೊಳ್ಳಬೇಕು. ತೂರಿಯಾದ ಮೇಲ್ಭಾಗದಲ್ಲಿ 20ನೇ ಶತಮಾನದಲ್ಲಿ ಕಟ್ಟಿದ ಬೆನಾಹೆಬೆರ್ ಅಣೆಕಟ್ಟೆ ಬೇಸಿಗೆಯ ಹಾಹಾಕಾರವನ್ನು ತಗ್ಗಿಸಿ ದೂರುಗಳನ್ನು ಕಡಿಮೆ ಮಾಡಿರುವುದೂ ನಿಜ. ಒಂದು ಹಳ್ಳಿ ಆ ಜಲಾಶಯದಡಿ ಮುಳುಗಿ ಅದರ ಜನ ಬೇರೆಡೆ ನೆಲೆಸಬೇಕಾಯಿತೆಂಬುದನ್ನೂ ಮರೆಯುವಂತಿಲ್ಲ.

2009ರಲ್ಲಿ ಯುನೆಸ್ಕೊ ಈ ಮಂಡಳಿಯನ್ನೂ ಮುರ್ಸಿಯಾದ ಇಂಥದೇ ಹಿರಿಯರ ಸಭೆಯನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಸಮುದಾಯದ ಸ್ವತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರೆಂಬ ತಮ್ಮ ವಾದಕ್ಕೆ ಪೂರ್ವ ಸ್ಪೇನಿನ ಈ ಕಾಲುವೆಗಳನ್ನೂ ನಿದರ್ಶನವಾಗಿ ಚರ್ಚಿಸಿದ್ದರು. ಗೌರವಗಳು ಅರ್ಹವಾದವೇ. ಆದರೆ ಯುನೆಸ್ಕೊ ಪಟ್ಟಿ ಕಲಾಪವನ್ನು ಪರಂಪರೆಯೆಂದು ಗುರುತಿಸುತ್ತದೆಯೇ ಹೊರತು ಹೊಲದ ಮೇಲೆ ಬರುವ ರಸ್ತೆಯನ್ನು ತಡೆಯುವುದಿಲ್ಲ. ಪ್ರಾದೇಶಿಕ ಸಂಸತ್ತು ಓರ್ತಾವನ್ನು ರಕ್ಷಿಸುವ ಕಾಯ್ದೆಯನ್ನು ತಂದದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ನೀರಾವರಿ ವ್ಯವಸ್ಥೆಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಘೋಷಿಸಿತು; ಇದರಲ್ಲಿ ಕೊನೆಗೂ ಹೊಲ, ಕಾಲುವೆ, ಬೆಳೆ ಎಲ್ಲವೂ ಒಟ್ಟಾಗಿ ಗಣನೆಗೆ ಬಂದವು.

2024ರ ಅಕ್ಟೋಬರ್ 29ರ ದುರಂತವನ್ನು ಬಿಟ್ಟು ಈ ಮಾತು ಮುಂದುವರಿಯಲಾರದು. ಒಳನಾಡಿನ ತುರೀಸ್‌ನಲ್ಲಿ ಒಂದೇ ದಿನದಲ್ಲಿ 700 ಮಿಲಿಮೀಟರ್‌ಗೂ ಮೀರಿ ಮಳೆ ಸುರಿದು, ಪೋಯೊ ಎಂಬ ಒಣಹಳ್ಳ ಹುಚ್ಚೆದ್ದು ಪೈಪೋರ್ತಾ, ಕತರೋಜಾ, ಅಲ್ಫಾಫಾರ್ ಮೊದಲಾದ ಊರುಗಳಿಗೆ ನುಗ್ಗಿತು. ವಲೆನ್ಸಿಯಾ ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. 1957ರ ನಂತರ ಕೊರೆದ ಹೊಸ ಪಾತ್ರ ಅಂದು ನಗರದ ಕೇಂದ್ರವನ್ನು ಉಳಿಸಿತೆಂಬುದನ್ನು ಒಪ್ಪಲೇಬೇಕು. ಆದರೆ ಮುಳುಗಿದ ಊರುಗಳು ದಕ್ಷಿಣದ ಓರ್ತಾ ಸೀಮೆಯವು. ಅಲ್ಲಿ ಹಿಂದೆ ನೆರೆನೀರು ಹರಡಿಕೊಳ್ಳುತ್ತಿದ್ದ ಹೊಲಗಳ ಮೇಲೆ ಕಳೆದ ಕೆಲವು ದಶಕಗಳಲ್ಲಿ ಮನೆ, ಗೋದಾಮು, ಮಳಿಗೆಗಳು ಎದ್ದಿದ್ದವು. ಅಷ್ಟು ಮಳೆಯನ್ನು ಯಾವ ಹೊಲವೂ ಪೂರ್ತಿ ಹೀರಿಕೊಳ್ಳಲಾರದು. ಆದರೂ ತೆರೆದ ನೆಲದ ಮೇಲೆ ಹಾಯುವ ನೀರಿಗೂ ಇಕ್ಕಟ್ಟಾದ ಬೀದಿಯಲ್ಲಿ ಕಾರುಗಳನ್ನು ಹೊತ್ತು ನುಗ್ಗುವ ನೀರಿಗೂ ಇರುವ ವ್ಯತ್ಯಾಸ ಜೀವಗಳ ಲೆಕ್ಕದ್ದು.

ಹಾಗಾದರೆ ಉಳಿದ ಹೊಲವನ್ನು ಉಳಿಸುವುದು ಹೇಗೆ? ಕಟ್ಟಡಕ್ಕೆ ನಿಷೇಧ ಹೇರಿದರೆ ಸಾಲದು. ಅಲ್ಲಿನ ನೆಲದ ಅಳತೆ ‘ಅನೆಗಾದಾ’. ಒಂದು ಅನೆಗಾದಾ ಎಂದರೆ 831 ಚದರ ಮೀಟರ್. ಬಹುತೇಕ ಹಿಡುವಳಿಗಳು ಒಂದು ಹೆಕ್ಟೇರಿಗಿಂತ ಚಿಕ್ಕವು. ಅಷ್ಟರಲ್ಲಿ ಸಂಸಾರ ನಡೆಸುವುದು ಕಷ್ಟವಾದ್ದರಿಂದ ಮಕ್ಕಳು ಬೇರೆ ಕೆಲಸ ಹಿಡಿಯುತ್ತಾರೆ, ಹೊಲ ಪಾಳು ಬೀಳುತ್ತದೆ, ಪಾಳುಬಿದ್ದ ಹೊಲ ಮಾರಾಟಕ್ಕೆ ಸುಲಭವಾಗಿ ಸಿಗುತ್ತದೆ. ನಗರದ ಉತ್ತರಕ್ಕಿರುವ ಅಲ್ಬೊರಾಯಾ ಸೀಮೆ ಈ ಮಾತಿಗೆ ಒಂದು ಒಳ್ಳೆಯ ಅಪವಾದ. ಅಲ್ಲಿ ಮರಳುಮಿಶ್ರಿತ ಮಣ್ಣಿನಲ್ಲಿ ಚೂಫಾ ಎಂಬ ಪುಟ್ಟ ಗೆಡ್ಡೆಯನ್ನು ಬೆಳೆಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ನೆಟ್ಟು, ಚಳಿಗಾಲದಲ್ಲಿ ಅಗೆದು, ತೊಳೆದು, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ನೆನೆಸಿ ಅರೆದು ಹಿಂಡಿ ಸಕ್ಕರೆ ಬೆರೆಸಿದರೆ ಬೇಸಿಗೆಯಲ್ಲಿ ಊರಿಡೀ ಕುಡಿಯುವ ಓರ್ಚಾತಾ ಎಂಬ ತಂಪು ಪಾನೀಯ ಸಿದ್ಧ. ಚೂಫಾಕ್ಕೆ ಮೂಲಸ್ಥಾನದ ಮಾನ್ಯತೆಯ ಮುದ್ರೆ ಇದೆ, ಸ್ಥಳೀಯವಾಗಿ ಗಿರಾಕಿ ಇದೆ; ಹಾಗಾಗಿ ಆ ಬೆಳೆಯನ್ನು ಬೆಳೆಯುವವರೂ ಉಳಿದಿದ್ದಾರೆ.

ಇದೇ ಬೆಂಬಲ ಪಲ್ಲೆಹೂ, ಈರುಳ್ಳಿ, ಎಲೆಕೋಸು, ಹುರುಳಿಕಾಯಿ ಬೆಳೆಯುವವರಿಗೂ ಸಿಗಬೇಕು. ಅದಕ್ಕೆ ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ವಲೆನ್ಸಿಯಾದ ಸಗಟು ಮಾರುಕಟ್ಟೆಯಲ್ಲಿ ‘ತಿರಾ ದೆ ಕೊಂತಾರ್’ ಎಂಬ ವಿಭಾಗವಿದೆ; ಓರ್ತಾದ ರೈತರು ಮಧ್ಯವರ್ತಿಗಳಿಲ್ಲದೆ ತಾವೇ ತಂದ ಬೆಳೆಯನ್ನು ತಾವೇ ಮಾರುವ ಹಕ್ಕು ಅಲ್ಲಿ ಶತಮಾನಗಳಿಂದ ನಡೆದುಕೊಂಡು ಬಂದಿದೆ. ಕಥೆಡ್ರಲ್ ಬಾಗಿಲಿಗೆ ಬರುವ ಜನಸಂದಣಿ ಅಲ್ಲಿಗೆ ಬರುವುದಿಲ್ಲ, ಯುನೆಸ್ಕೊ ಪಟ್ಟಿಯಲ್ಲಿ ಅದರ ಹೆಸರಿಲ್ಲ. ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ಮೊದಲ ಹಣವನ್ನು ಆ ಮಾರುಕಟ್ಟೆಗೆ ಕೊಡುತ್ತಿದ್ದೆ: ನಗರದ ಶಾಲೆಗಳ ಮತ್ತು ಆಸ್ಪತ್ರೆಗಳ ಅಡುಗೆಮನೆಗಳು ತಮ್ಮ ತರಕಾರಿಯನ್ನು ಅಲ್ಲಿಂದಲೇ ಕೊಳ್ಳಬೇಕೆಂದು ನಿಯಮ ಮಾಡಿ, ಪಾಳುಬಿದ್ದ ಅನೆಗಾದಾಗಳನ್ನು ಒಟ್ಟುಗೂಡಿಸಿ ಹೊಸದಾಗಿ ಬೇಸಾಯಕ್ಕೆ ಇಳಿಯುವ ಯುವಕ ಯುವತಿಯರಿಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡುತ್ತಿದ್ದೆ. ಅವರಲ್ಲಿ ಇಬ್ಬರು ಸರದಿಯ ನೀರಿಗಾಗಿ ಜಗಳವಾಡಿ ಒಂದು ಗುರುವಾರ ಕಥೆಡ್ರಲ್ ಬಾಗಿಲಿಗೆ ಬಂದರೆ ಅದು ಆ ಬಯಲಿಗೆ ಶುಭಸಮಾಚಾರ.