ಹತ್ತನೇ ತೀರ್ಪುಗಾರ

ಮುಂಬಯಿ ಹತ್ತಿರದ ನಮ್ಮ ಡೊಂಬಿವಿಲಿಯಲ್ಲಿ ಹಿಮ ಬಿದ್ದದ್ದನ್ನು ನಾನು ಕಂಡದ್ದು ಒಂದೇ ಸಲ. ನಮ್ಮ ಸ್ಟೇಷನ್ ರಸ್ತೆಯ ಹೋಟೆಲಿನ ಶೆಟ್ರು, ಎರಡು ವರ್ಷದಿಂದ ಯಾರೂ ಮುಟ್ಟದ ಡೀಪ್ ಫ್ರೀಜರನ್ನು ತೊಳೆಯಲೆಂದು ಹೊರಗೆಳೆಸಿದ ದಿನ. ಕೆರೆದು ಫುಟ್‌ಪಾತಿಗೆ ಸುರಿದ ಆ ಬಿಳಿ ರಾಶಿಯ ಮೇಲೆ ಎರಡು ಮಕ್ಕಳು ಜಾರಿದವು, ಒಂದು ನಾಯಿ ಜಾರಿತು, ಕೊನೆಗೆ ಹಾಲಿನ ಕ್ಯಾನ್ ಹೊತ್ತ ಭೈಯಾ ಜಾರಿದ. ಚಳಿಗಾಲದ ಕ್ರೀಡೆಗಳ ಬಗ್ಗೆ ನಮ್ಮ ಊರಿಗಿರುವ ಪ್ರತ್ಯಕ್ಷ ಅನುಭವ ಇಷ್ಟೇ.

ಆದರೂ 2026ರ ಫೆಬ್ರುವರಿ 6ರಿಂದ 22ರವರೆಗೆ, ಇಟಲಿಯ ಮಿಲಾನ್-ಕೊರ್ಟಿನಾದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಷ್ಟು ದಿನವೂ ಅದೇ ಹೋಟೆಲಿನ ಗಲ್ಲಾ ಪಕ್ಕದ ಮೇಜಿನಲ್ಲಿ ಮೇಲ್ಮನವಿ ಪೀಠವೊಂದು ಕೂತಿತ್ತು. ಇಟಲಿಯ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿಯ ಸ್ಕೇಟಿಂಗ್ ಮುಗಿಯುವ ಹೊತ್ತಿಗೆ ಇಲ್ಲಿ ಕಡೆಯ ಕರ್ಜತ್ ಲೋಕಲ್ ಕೂಡ ಹೋಗಿ ಆಗಿರುತ್ತದೆ. ಹಾಗಾಗಿ ಕಲಾಪ ಬೆಳಿಗ್ಗೆ, ಇಡ್ಲಿಯ ಜೊತೆ, ಹಿಂದಿನ ರಾತ್ರಿಯ ತುಣುಕುಗಳನ್ನು ಮೊಬೈಲಿನಲ್ಲಿ ನೋಡುತ್ತ. ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ರಾಯರು. ಸದಸ್ಯರು ಧಾರವಾಡ ಕಡೆಯ ಕುಲಕರ್ಣಿಯವರು, ಶೆಟ್ರು, ಮತ್ತು ಕಾಫಿ ಬಿಟ್ಟಿ ಸಿಗುವ ಆಸೆಯಿಂದ ನಾನು.

ಮೊದಲ ದಿನವೇ ಎದ್ದ ಪ್ರಶ್ನೆ, ನಾವು ಯಾರ ಕಡೆ? ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಪದಕ ಎಂಬುದು ಇನ್ನೂ ಬಂದಿಲ್ಲ. 1964ರಲ್ಲಿ ಇನ್ಸ್‌ಬ್ರುಕ್‌ಗೆ ನಮ್ಮ ಧ್ವಜ ಹಿಡಿದು ಹೋದ ಮೊತ್ತಮೊದಲ ಸ್ಕೀಯರ್ ಜೆರೆಮಿ ಬುಜಾಕೋವ್‌ಸ್ಕಿ, ಪೋಲೆಂಡ್ ಮೂಲದವರು. ಆದ್ದರಿಂದ ನಮ್ಮ ಪೀಠದಲ್ಲಿ ರಾಷ್ಟ್ರಭಕ್ತಿ ನಿರ್ಧಾರವಾಗುವುದು ಮಕ್ಕಳ ವೀಸಾದ ಮೇಲೆ. ರಾಯರ ಮಗ ಟೊರೊಂಟೋದಲ್ಲಿ, ಹಾಗಾಗಿ ಕೆನಡಾ "ನಮ್ಮವರು". ಕುಲಕರ್ಣಿಯವರ ಅಳಿಯ ಮ್ಯೂನಿಕ್‌ನಲ್ಲಿ, ಜರ್ಮನಿ "ನಮ್ಮ ಮಂದಿ". ಶೆಟ್ರ ಮಗ ದುಬೈಯಲ್ಲಿ. ಅಲ್ಲಿ ಹಿಮವಿಲ್ಲದ ಕಾರಣ ಶೆಟ್ರು ನಿಷ್ಪಕ್ಷಪಾತಿ.

ಫಿಗರ್ ಸ್ಕೇಟಿಂಗ್ ಬಂದಾಗ ಪೀಠಕ್ಕೆ ನಿಜವಾದ ಹಸಿವು. ಓಟ, ಜಾರಾಟಗಳಲ್ಲಿ ಗಡಿಯಾರ ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರಬೇಕಾಗುತ್ತದೆ, ಅದರಲ್ಲಿ ಚಟ್ನಿಯಷ್ಟೂ ರುಚಿಯಿಲ್ಲ. ಸ್ಕೇಟಿಂಗ್‌ನಲ್ಲಿ ಒಂಬತ್ತು ಮಂದಿ ತೀರ್ಪುಗಾರರು. ಪ್ರತಿ ಜಿಗಿತಕ್ಕೂ ಮೊದಲೇ ಗೊತ್ತುಮಾಡಿದ ಒಂದು ಬೆಲೆ, ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎನ್ನುವುದಕ್ಕೆ ಮೈನಸ್ ಐದರಿಂದ ಪ್ಲಸ್ ಐದರವರೆಗೆ ಅಂಕ. ಒಂಬತ್ತರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಏಳರ ಸರಾಸರಿ. ಗಾಳಿಯಲ್ಲಿ ಸುತ್ತು ಪೂರ್ತಿಯಾಯಿತೇ, ಕಾಲು ಸುತ್ತು ಕಡಿಮೆಯಾಯಿತೇ ಎಂದು ನಿಧಾನಗತಿಯಲ್ಲಿ ನೋಡಿ ಹೇಳಲು ಬೇರೆಯೇ ತಾಂತ್ರಿಕ ತಂಡ. ಇಷ್ಟೆಲ್ಲ ತಿಳಿಯಲು ರಾಯರಿಗೆ ಎರಡು ಇಡ್ಲಿ ತಿನ್ನುವಷ್ಟು ಸಮಯ ಸಾಕಾಯಿತು. ವಡೆ ಬರುವಷ್ಟರಲ್ಲಿ ಅವರು ಹತ್ತನೇ ತೀರ್ಪುಗಾರರಾಗಿದ್ದರು.

"ಅಂಡರ್ ರೊಟೇಶನ್!" ಎಂದು ಮೇಜು ಕುಟ್ಟಿದರು. "ಕಾಲು ಸುತ್ತು ಕಡಿಮೆ. ಕುರುಡನಿಗೂ ಕಾಣ್ತದೆ."

ನಾನು ಬಗ್ಗಿ ನೋಡಿದೆ. ರಾಯರ ಮೊಬೈಲಿನ ಗಾಜು ಮೂಲೆಯಿಂದ ಮೂಲೆಗೆ ಒಡೆದಿದೆ. ಹೋಟೆಲಿನೊಳಗೆ ನೆಟ್‌ವರ್ಕ್ ಅಷ್ಟಕ್ಕಷ್ಟೆ. ತೆರೆಯ ಮೇಲೆ ಸ್ಕೇಟರಳಿಗಿಂತ ಬಫರಿಂಗ್ ಚಕ್ರವೇ ಹೆಚ್ಚು ಸುತ್ತು ಹಾಕುತ್ತಿತ್ತು. ರಾಯರು ಎಣಿಸಿದ್ದು ಯಾವುದನ್ನು ಎಂದು ನಾನು ಕೇಳಲಿಲ್ಲ.

ರಾಯರ ಈ ಕೋಪಕ್ಕೆ ಇತಿಹಾಸವಿದೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ಸ್ಕೇಟಿಂಗ್. ರಷ್ಯಾದ ಜೋಡಿ ಒಂದು ಜಿಗಿತದಲ್ಲಿ ತುಸು ತಡವರಿಸಿತು, ಕೆನಡಾದ ಸಾಲೆ-ಪೆಲ್ಟಿಯೆ ಜೋಡಿ ತಪ್ಪಿಲ್ಲದೆ ಮುಗಿಸಿತು. ಚಿನ್ನ ಹೋದದ್ದು ರಷ್ಯಾಕ್ಕೆ, 5-4ರ ಬಹುಮತದಲ್ಲಿ. ಆಮೇಲೆ ಫ್ರಾನ್ಸಿನ ತೀರ್ಪುಗಾರ್ತಿ, ತನ್ನ ಮೇಲೆ ತನ್ನದೇ ಫೆಡರೇಶನ್ನಿನ ಒತ್ತಡವಿತ್ತು ಎಂದರು, ಆಮೇಲೆ ಇಲ್ಲ ಎಂದರು. ಐಸ್ ಡಾನ್ಸ್‌ನಲ್ಲಿ ನೀನು ನನಗೆ, ಜೋಡಿಯಲ್ಲಿ ನಾನು ನಿನಗೆ ಎಂಬ ಕೊಡುಕೊಳ್ಳುವಿಕೆಯ ಆರೋಪ ಎದ್ದಿತು. ಗಲಾಟೆ ತಣಿಸಲು ಕೆನಡಾಕ್ಕೂ ಇನ್ನೊಂದು ಚಿನ್ನ ಕೊಟ್ಟರು. ಆಗ ರಾಯರ ಮಗ ಡೊಂಬಿವಿಲಿಯಲ್ಲೇ ಐದನೇ ಕ್ಲಾಸಿನಲ್ಲಿದ್ದ, ಕೆನಡಾದ ಸುದ್ದಿ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಈಗ ಮಗನಿಗೆ ಅಲ್ಲಿನ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿದ ಮೇಲೆ ಆ ಅನ್ಯಾಯ ಪೂರ್ವಾನ್ವಯವಾಗಿ ಅವರನ್ನು ಸುಡುತ್ತಿದೆ.

ಆ ಗಲಾಟೆಯ ಫಲವಾಗಿಯೇ ಗರಿಷ್ಠ 6.0 ಅಂಕದ ಹಳೇ ಪದ್ಧತಿ ಹೋಗಿ ಈಗಿನ ಲೆಕ್ಕಾಚಾರ ಬಂದದ್ದು. ಯಾವ ಅಂಕ ಯಾರದು ಎಂದು ಗೊತ್ತಾಗದಂತೆ ಅಂಕಗಳ ಪಕ್ಕದ ತೀರ್ಪುಗಾರರ ಹೆಸರುಗಳನ್ನೂ ಮರೆಮಾಡಿದರು. ಕದ್ದವನು ಯಾರೆಂದು ತಿಳಿಯದಿದ್ದರೆ ಕಳವೇ ಆಗಿಲ್ಲ ಎಂಬ ಈ ತತ್ತ್ವ ನಮ್ಮ ಹೌಸಿಂಗ್ ಸೊಸೈಟಿಯ ಲೆಕ್ಕಪತ್ರಕ್ಕೆ ಹೊಸದೇನಲ್ಲ. 2014ರ ಸೋಚಿ ಒಲಿಂಪಿಕ್ಸಿನ ಮಹಿಳೆಯರ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದ ರಷ್ಯಾದ ಸೊತ್ನಿಕೋವಾ 224.59, ಬೆಳ್ಳಿಗೆ ಇಳಿದ ಕೊರಿಯಾದ ಕಿಮ್ ಯುನಾ 219.11. ಕೂತಿದ್ದ ಒಂಬತ್ತು ಮಂದಿಯಲ್ಲಿ ಒಬ್ಬರು ರಷ್ಯಾದ ಸ್ಕೇಟಿಂಗ್ ಫೆಡರೇಶನ್ನಿನ ಹಿರಿಯ ಅಧಿಕಾರಿಯ ಹೆಂಡತಿ. ಇನ್ನೊಬ್ಬರು 1998ರ ನಾಗಾನೊ ಕೂಟದ ಗೋಲ್‌ಮಾಲಿಗಾಗಿ ಒಂದು ವರ್ಷ ಅಮಾನತಾಗಿದ್ದವರು. ಮರುದಿನದೊಳಗೆ ಲಕ್ಷಗಟ್ಟಲೆ ಜನ ಅರ್ಜಿಗೆ ಸಹಿ ಹಾಕಿದರು. ಅಂಕ ಮಾತ್ರ ಕದಲಲಿಲ್ಲ. 2016ರಲ್ಲಿ ಆ ಮುಸುಕನ್ನು ತೆಗೆದರು.

"ಹೆಂಡ್ತೀನೇ ಮಾರ್ಕ್ ಹಾಕೋದಾ? ನಾಚಿಕೆ ಬೇಡ್ವಾ?" ಎಂದು ರಾಯರು ಹಲುಬಿದ್ದನ್ನು ನೀವು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ನೋಡುಗರು ಕೂಗಿದ್ದೆಲ್ಲ ಸುಳ್ಳು ಎಂದು ನಾನು ಹೇಳಲಾರೆ. 2022ರ ಬೀಜಿಂಗ್‌ನಲ್ಲಿ, ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುತ್ತ ಜಿಗಿಯುವ ಸ್ನೋಬೋರ್ಡ್ ಸ್ಲೋಪ್‌ಸ್ಟೈಲಿನಲ್ಲಿ ಕೆನಡಾದ ಮ್ಯಾಕ್ಸ್ ಪ್ಯಾರಟ್ ಗಾಳಿಯಲ್ಲಿ ಹಲಗೆ ಹಿಡಿಯುವ ಬದಲು ತನ್ನ ಮೊಣಕಾಲನ್ನೇ ಹಿಡಿದದ್ದು ಮನೆಯಲ್ಲಿ ಕೂತವರಿಗೆಲ್ಲ ಕಂಡಿತು, ತೀರ್ಪುಗಾರರಿಗೆ ಕಾಣಲಿಲ್ಲ. ಅವರ ಕ್ಯಾಮೆರಾ ಬೇರೆ ದಿಕ್ಕಿನಲ್ಲಿತ್ತು. ತಪ್ಪಾಯಿತೆಂದು ಮುಖ್ಯ ತೀರ್ಪುಗಾರರೇ ಒಪ್ಪಿದರು, ಚಿನ್ನ ಹಾಗೇ ಉಳಿಯಿತು. ಬೆಳ್ಳಿ ಗೆದ್ದ ಚೀನಾದ ಸು ಯಿಮಿಂಗ್ ಮತ್ತವನ ಕೋಚ್, ತೀರ್ಪುಗಾರರನ್ನು ಬೈಯುವುದು ನಿಲ್ಲಿಸಿ ಎಂದು ಅಭಿಮಾನಿಗಳನ್ನು ಬೇಡಿಕೊಳ್ಳಬೇಕಾಯಿತು. ನಷ್ಟವಾದವನೇ ಬಿಟ್ಟುಬಿಡಿ ಎಂದರೂ ಬಿಡದವನನ್ನು ಅಭಿಮಾನಿ ಎನ್ನುತ್ತಾರೆ. ಈ ಪ್ರಕರಣದಲ್ಲಿ ರಾಯರ ಪೀಠ ಕೆನಡಾದ ಪರ ತೀರ್ಪು ಕೊಟ್ಟಿದೆ: ಮೊಣಕಾಲೂ ಒಂದು ಹಲಗೆಯೇ.

ಕರ್ಲಿಂಗ್ ಬಂದ ದಿನ ಮಾತ್ರ ಶೆಟ್ರು ಗಲ್ಲಾ ಬಿಟ್ಟು ಎದ್ದು ಬಂದರು. ಹತ್ತಿರ ಹತ್ತಿರ ಇಪ್ಪತ್ತು ಕಿಲೋ ತೂಗುವ ಗ್ರಾನೈಟ್ ಕಲ್ಲು, ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ್ದು. ಒಬ್ಬರು ಅದನ್ನು ಐಸಿನ ಮೇಲೆ ತಳ್ಳಿ ಬಿಡುವುದು, ಇಬ್ಬರು ಮುಂದೆ ಮುಂದೆ ಓಡುತ್ತ ಬ್ರಷ್ಷಿನಲ್ಲಿ ಉಜ್ಜುವುದು.

"ಎಂತ ಮಾರಾಯ್ರೆ, ಇದು ನಮ್ಮ ಅಜ್ಜಿಮನೆ ಕಡೆಯುವ ಕಲ್ಲಲ್ವಾ!" ಎಂದ ಶೆಟ್ರು, ನೆಲ ಒರೆಸುತ್ತಿದ್ದ ಹುಡುಗನನ್ನು ಕರೆದು ತೋರಿಸಿದರು. "ನೋಡು, ಗುಡಿಸೂದು ಅಂದ್ರೆ ಹೀಗೆ. ಬೆನ್ನು ಬಗ್ಗಬೇಕು."

ಹುಡುಗ ತುಸು ಹೊತ್ತು ನೋಡಿದ. "ಅವರಿಗೆ ಮೆಡಲ್ ಕೊಡ್ತಾರಲ್ಲ ಸೇಟ್" ಎಂದು ಬಕೆಟ್ ಎತ್ತಿಕೊಂಡು ಹೋದ. ಹದಿನೇಳು ದಿನಗಳಲ್ಲಿ ಆ ಮೇಜಿನ ಸುತ್ತ ಕೇಳಿಬಂದ ತಾಂತ್ರಿಕ ವಿಶ್ಲೇಷಣೆಗಳಲ್ಲಿ ಇದೊಂದೇ ಸರಿಯಾದದ್ದು.

ಒಮ್ಮೆ ನಾನು ಬಾಯಿ ತಪ್ಪಿ, "ಶಿವ ಕೇಶವನ್ ಗೊತ್ತೇ?" ಎಂದೆ. "ಮಾಟುಂಗಾದವ್ರಾ?" ಎಂದರು ರಾಯರು. ಮನಾಲಿ ಹತ್ತಿರದ ಹುಡುಗ, ತಂದೆ ಕೇರಳದವರು, ತಾಯಿ ಇಟಲಿಯವರು. ಜಾರುಬಂಡಿಗೆ ಗಾಲಿ ಕಟ್ಟಿ, ಲಾರಿಗಳ ನಡುವೆ ಹಿಮಾಲಯದ ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡಿ, 1998ರಿಂದ 2018ರವರೆಗೆ ಆರು ಒಲಿಂಪಿಕ್ಸಿಗೆ ಹೋದವರು ಎಂದು ವಿವರಿಸಿದೆ. "ಮೆಡಲ್?" ಎಂದರು. ಇಲ್ಲ ಎಂದೆ. ಕುಲಕರ್ಣಿಯವರು ಸಾಂಬಾರಿಗೆ ಕೈ ಚಾಚಿದರು. 2022ರಲ್ಲಿ ಗುಲ್‌ಮಾರ್ಗಿನ ಆರಿಫ್ ಖಾನ್ ಸುರಿಯುವ ಹಿಮದಲ್ಲಿ ಜಯಂಟ್ ಸ್ಲಾಲಮ್ ಎಂಬ ಸ್ಕೀ ಓಟ ಮುಗಿಸಿ 45ನೆಯವರಾದರು, ಅವತ್ತು ಹೊರಟವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಗುರಿಯನ್ನೇ ಮುಟ್ಟಲಿಲ್ಲ ಎಂದೂ ಹೇಳಿದೆ. "ನಲ್ವತ್ತೈದಾ?" ಎಂದು ರಾಯರು ತುಟಿ ಕೊಂಕಿಸಿದರು. ಡೊಂಬಿವಿಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವರು ಮೂರು ಕಡೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಹಾಗೆಂದು ತೀರ್ಪು ಎಂಬುದು ನಮಗೆ ಹೊಸ ವಿದ್ಯೆಯೇನಲ್ಲ. ಕಂಬಳದ ಕನೆಹಲಗೆಯಲ್ಲಿ ಕೋಣ ಎಷ್ಟು ಬೇಗ ಮುಟ್ಟಿತು ಎಂದು ಯಾರೂ ಕೇಳುವುದಿಲ್ಲ. ಹಲಗೆಯಿಂದ ಚಿಮ್ಮಿದ ಕೆಸರುನೀರು ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ, ತಾಗಿತೇ ಎಂಬುದೇ ಲೆಕ್ಕ. ತಾಗಿತು ಎಂದವನೂ ತಾಗಲಿಲ್ಲ ಎಂದವನೂ ಒಂದೇ ಗದ್ದೆಯ ಬದುವಿನಲ್ಲಿ ನಿಂತಿರುತ್ತಾರೆ. ಇನ್ನು ಅಂಕಗಣಿತಕ್ಕೆ ಬಂದರೆ, 2020ರಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದು ಉಸೇನ್ ಬೋಲ್ಟನನ್ನು ಕಾಗದದ ಮೇಲೆ ಸೋಲಿಸಿದವರು ನಾವು. ಎಳೆದ ಕೋಣಗಳಿಗೆ ಯಾರೂ ಅಂಕ ಕೊಡಲಿಲ್ಲ. ದೆಹಲಿಯಿಂದ ಟ್ರಯಲ್ಸಿಗೆ ಕರೆ ಬಂದಾಗ ಬರುವುದಿಲ್ಲ ಎಂದ ಗೌಡರೊಬ್ಬರೇ ಆ ವಾರ ಸ್ವಸ್ಥಚಿತ್ತರಾಗಿದ್ದವರು.

ಇಷ್ಟಾದ ಮೇಲೆ ನನ್ನ ಅವಸ್ಥೆ ಹೇಳಬೇಕು. ಕೂಟ ಮುಗಿದ ಮರು ವಾರ ನಮ್ಮ ಉಪನಗರದ ಒಂದು ಕನ್ನಡ ಸಂಘದ ವಾರ್ಷಿಕೋತ್ಸವ. ಹೆಸರು ಬೇಡ, ನನಗೆ ಇಲ್ಲೇ ಬಾಳಬೇಕು. ಮಕ್ಕಳ ಸಮೂಹ ನೃತ್ಯ ಸ್ಪರ್ಧೆ, ಎಂಟು ತಂಡ. ರಾಯರು ಅಲ್ಲಿ ಕಾರ್ಯದರ್ಶಿ. "ಈ ಸಲ ಅಂತಾರಾಷ್ಟ್ರೀಯ ಪದ್ಧತಿ" ಎಂದು ಘೋಷಿಸಿದರು. ಅತಿ ಹೆಚ್ಚಿನ ಅಂಕ ಕಿತ್ತುಹಾಕುವುದು, ಅತಿ ಕಡಿಮೆಯದನ್ನೂ ಕಿತ್ತುಹಾಕುವುದು, ಪಕ್ಷಪಾತದ ಬೇರನ್ನೇ ಕಿತ್ತ ಹಾಗೆ.

ತೀರ್ಪುಗಾರರು ಮಾತ್ರ ಮೂವರೇ. ಮೂರರಲ್ಲಿ ಎರಡು ಕಿತ್ತರೆ ಉಳಿಯುವುದೆಷ್ಟು ಎಂದು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದ ರಾಯರಿಗೆ ಹೊಳೆಯಲಿಲ್ಲ.

ಒಬ್ಬರು ಭರತನಾಟ್ಯದ ಟೀಚರ್. ಸಿನಿಮಾ ಹಾಡಿಗೆ ಕುಣಿದ ಎಂಟೂ ತಂಡಗಳಿಗೆ ಶಾಸ್ತ್ರ ಕೆಟ್ಟಿತೆಂದು ತಲಾ ನಾಲ್ಕು ಕೊಟ್ಟರು. ಇನ್ನೊಬ್ಬರು ಬಹುಮಾನದ ಪ್ರಾಯೋಜಕರು, ಮಿಠಾಯಿ ಅಂಗಡಿಯವರು. ಎಂಟೂ ತಂಡದ ತಾಯಂದಿರು ಗಿರಾಕಿಗಳಾದ್ದರಿಂದ ಎಲ್ಲರಿಗೂ ಹತ್ತಕ್ಕೆ ಹತ್ತು. ನಾನು ಹೇಡಿ. ಯಾರ ಮುನಿಸೂ ಬೇಡವೆಂದು ಎಲ್ಲರಿಗೂ ಏಳು ಕೊಟ್ಟು, ರಾಯರ ಮೊಮ್ಮಗಳಿದ್ದ ತಂಡಕ್ಕೆ ಮಾತ್ರ, ಮಗು ಎರಡು ಸಲ ದಿಕ್ಕು ತಪ್ಪಿ ಪರದೆಯ ಕಡೆಗೆ ಕುಣಿದರೂ, ಏಳೂವರೆ ಹಾಕಿದೆ. ಅರ್ಧ ಅಂಕ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ನಾಲ್ಕುಗಳು ಹೋದವು, ಹತ್ತುಗಳು ಹೋದವು. ಇಡೀ ಸಭಾಂಗಣದಲ್ಲಿ ಉಳಿದದ್ದು ನನ್ನ ಅರ್ಧ ಅಂಕ.

ಆ ಮೇಲೆ ನಡೆದದ್ದಕ್ಕೆ ಸಾಲ್ಟ್ ಲೇಕ್ ಸಮನಲ್ಲ. ಸ್ಕೇಟಿಂಗ್‌ನಲ್ಲಿ ಅಂಕಕ್ಕಾಗಿ ಕಾಯುವ ಜಾಗಕ್ಕೆ "ಕಿಸ್ ಅಂಡ್ ಕ್ರೈ" ಎಂದೇ ಹೆಸರಿದೆ. ನಮ್ಮ ಗ್ರೀನ್ ರೂಮಿನಲ್ಲಿ ಮುತ್ತು ಕೊಡುವವರು ಯಾರೂ ಇರಲಿಲ್ಲ. ಕುಲಕರ್ಣಿಯವರ ಮೊಮ್ಮಗ ಸೋತ ತಂಡದಲ್ಲಿದ್ದ. "ಅಜ್ಜ ಕಾರ್ಯದರ್ಶಿ, ಮೊಮ್ಮಗಳು ಫಸ್ಟ್! ಏನ್ರೀ ರಾಯರ, ಸೋಚಿಗೂ ನಿಮಗೂ ಏನ್ ಫರಕ್ ಅದ?" ಎಂದು ಅವರು ಕೇಳಿದಾಗ ರಾಯರು, ಪದ್ಧತಿ ವೈಜ್ಞಾನಿಕವಾದದ್ದು, ತೀರ್ಪುಗಾರರ ಘನತೆಯನ್ನು ಪ್ರಶ್ನಿಸಬಾರದು, ಮಕ್ಕಳ ಮುಂದೆ ಇದೆಲ್ಲ ಶೋಭೆಯಲ್ಲ ಎಂದರು. ರಾತ್ರಿಯೊಳಗೆ ಕುಲಕರ್ಣಿಯವರ ಮನವಿಗೆ 43 ಸಹಿ ಬಿದ್ದವು. ಅದರಲ್ಲಿ ಹನ್ನೊಂದು ಶೆಟ್ರ ಹೋಟೆಲಿನ ಹುಡುಗರವು. ನೃತ್ಯದ ಹೊತ್ತಿಗೆ ಅವರು ಹಿಂದುಗಡೆ ಪಲಾವು ಬಡಿಸುತ್ತಿದ್ದರು. ಸಂಘ ಒಲಿಂಪಿಕ್ಸಿನ ದಾರಿಯನ್ನೇ ಹಿಡಿದು ಇನ್ನೊಂದು ತಂಡಕ್ಕೂ ಪ್ರಥಮ ಬಹುಮಾನ ಕೊಟ್ಟಿತು. ಮರುದಿನ ಮತ್ತೆರಡಕ್ಕೆ ಕೊಟ್ಟಿತು. ಬುಧವಾರದ ಹೊತ್ತಿಗೆ ಎಂಟು ಪ್ರಥಮ ಬಹುಮಾನಗಳಾಗಿ, ಮೊದಲು ಗೆದ್ದ ತಂಡದ ತಾಯಂದಿರು ಪ್ರತಿಭಟನೆಗೆ ಕೂತರು.

ಕಳೆದ ಭಾನುವಾರ ಕಾರ್ಯಕಾರಿ ಸಮಿತಿ ಸಭೆ. ಮುಂದಿನ ವರ್ಷದಿಂದ ತೀರ್ಪುಗಾರರೇ ಬೇಡ, ಗೋಣಿಚೀಲದ ಓಟ ಮಾತ್ರ ಇಡೋಣ, ಗಡಿಯಾರಕ್ಕೆ ಅಜ್ಜನೂ ಇಲ್ಲ ಮೊಮ್ಮಗಳೂ ಇಲ್ಲ ಎಂದು ರಾಯರೇ ಸೂಚಿಸಿದರು. 1998ರಲ್ಲಿ ಮಹಿಳೆಯರ ಲೂಜ್ (ಜಾರುಬಂಡಿ ಓಟ) ಚಿನ್ನ 0.002 ಸೆಕೆಂಡಿನಲ್ಲಿ ತೀರ್ಮಾನವಾಗಿತ್ತು, ಯಾರಾದರೂ ತುಟಿ ಪಿಟಕ್ಕೆಂದರೇ ಎಂದು ಕೇಳಿದರು. ಎಲ್ಲರೂ ತಲೆಯಾಡಿಸಿದರು. ಶೆಟ್ರು ಸ್ಟಾಪ್‌ವಾಚ್ ತಮ್ಮ ಲೆಕ್ಕದಲ್ಲಿ ಎಂದರು. ಠರಾವು ಬರೆದು ಸಹಿಯ ಹಂತಕ್ಕೆ ಬಂದಾಗ ಕುಲಕರ್ಣಿಯವರು ಪೆನ್ನು ಕೆಳಗಿಟ್ಟರು.

"ಅದೆಲ್ಲ ಖರೆ. ಆ ವಾಚು ಯಾರ ಕೈಯಾಗ ಇರತದ?"