ಏಳು ಗೇರು ಅಂದರೆ ಯಾವ ಏಳು?

ಡಬ್ಬಿ ಬಿಚ್ಚಿದಾಗ ಎಲ್ಲ ಸರಿಯಾಗೇ ಕಂಡಿತ್ತು. ಏಳು ಹಲ್ಲುಚಕ್ರಗಳು, ಹೊಸ ಉಕ್ಕಿನ ಹೊಳಪು, ಬೆರಳಿಗೆ ಅಂಟುವ ತೆಳು ಎಣ್ಣೆ. ನನ್ನ ಸೈಕಲ್ಲಿನ ಹಿಂದೆ ಇದ್ದದ್ದೂ ಏಳೇ. ಹಳೆಯ ಹಲ್ಲುಗಳು ಸವೆದು ಗರಗಸದ ಹಾಗೆ ಒಂದೇ ಕಡೆಗೆ ವಾಲಿದ್ದವು. ಎರಡು ಸಲ ಎಣಿಸಿ, ಏಳು ಅಂತ ಖಾತ್ರಿ ಮಾಡಿಕೊಂಡೇ ತರಿಸಿದ್ದೆ. ಹಾಕೋಣ ಅಂತ ಕೂತಾಗ ನೋಡಿದರೆ, ಹೊಸದರ ತೂತಿನ ಒಳಅಂಚಿನಲ್ಲಿ ಸುತ್ತಲೂ ಕಚ್ಚುಗಳಿವೆ. ನನ್ನ ಚಕ್ರದ ನಡುವಿನ ಹಬ್ಬಿನ ಮೇಲೆ ಅಂಥ ಕಚ್ಚೇ ಇಲ್ಲ, ಬರೀ ಥ್ರೆಡ್ಡು.

ನಾನು ತರಿಸಿದ್ದು ಕ್ಯಾಸೆಟ್. ನನಗೆ ಬೇಕಾಗಿದ್ದದ್ದು ಫ್ರೀವೀಲ್. ತಪ್ಪು ಪೂರ್ತಿ ನನ್ನದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಫ್ರೀವೀಲ್‌ನಲ್ಲಿ ಹಲ್ಲುಚಕ್ರಗಳೂ ತುಳಿಯದಿದ್ದಾಗ ಟಕಟಕ ಅನ್ನುತ್ತಾ ಚಕ್ರವನ್ನು ಉರುಳಲು ಬಿಡುವ ರ‍್ಯಾಚೆಟ್ಟೂ ಒಂದೇ ಮುದ್ದೆ. ಅದು ನಟ್ಟಿನ ಹಾಗೆ ಹಬ್ಬಿಗೆ ತಿರುಗಿಸಿ ಕೂರುತ್ತದೆ. ಕ್ಯಾಸೆಟ್ ಆದರೆ ಬರೀ ಹಲ್ಲುಚಕ್ರಗಳ ಗುಚ್ಛ. ರ‍್ಯಾಚೆಟ್ ಹಬ್ಬಿನ ಜೊತೆಗೇ ಇರುತ್ತದೆ. ಅದರ ಮೇಲೆ ಈ ಗುಚ್ಛವನ್ನು ಬಳೆಯ ಹಾಗೆ ಜಾರಿಸಿ, ಕೊನೆಗೆ ಒಂದು ಲಾಕ್‌ರಿಂಗ್ ಬಿಗಿಯಬೇಕು. ನಿಮ್ಮದು ಯಾವುದು ಅಂತ ತಿಳಿಯೋಕೆ ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದು, ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ಟೂಲ್ ಕೂರುವ ಕಚ್ಚುಗಳು ನಡುವೆ ಕಾಣುತ್ತವಲ್ಲ, ಅವೂ ಜೊತೆಗೆ ತಿರುಗಿದರೆ ಕ್ಯಾಸೆಟ್. ಅಲ್ಲೇ ನಿಂತಿದ್ದರೆ ಫ್ರೀವೀಲ್. ಹತ್ತು ಸೆಕೆಂಡಿನ ಕೆಲಸ. ನಾನು ಮಾಡಿರಲಿಲ್ಲ.

ಅವತ್ತಿನಿಂದ ನನಗೊಂದು ಸಿಟ್ಟು ಉಳಿದುಕೊಂಡಿದೆ. ಸೈಕಲ್ ಪಾರ್ಟುಗಳ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಕಾಣುವ 7 ಸ್ಪೀಡ್, 9 ಸ್ಪೀಡ್, 10 ಸ್ಪೀಡ್ ಅನ್ನುವ ಸಂಖ್ಯೆ ಇದೆಯಲ್ಲ, ಹಿಂದೆ ಎಷ್ಟು ಹಲ್ಲುಚಕ್ರ ಅನ್ನುವ ಲೆಕ್ಕ, ಅದರಷ್ಟು ದಾರಿ ತಪ್ಪಿಸುವುದು ಇನ್ನೊಂದಿಲ್ಲ. ನಾವೂ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಳ್ಳುತ್ತೇವೆ. "ನಿಂದು ಎಷ್ಟು ಸ್ಪೀಡು? ಒಂಬತ್ತಾ? ಹಾಗಾದ್ರೆ ಇದೂ ಒಂಬತ್ತೇ, ಹಾಕು, ಆಗತ್ತೆ." ಆಗುವುದಿಲ್ಲ. ಎಷ್ಟೋ ಸಲ ಆಗುವುದಿಲ್ಲ.

ಹಿಂದೆ ಈ ತಲೆನೋವು ಇಷ್ಟಿರಲಿಲ್ಲ. ಹಳೆಯ ಗೇರಿನ ಲಿವರಿಗೆ ಕ್ಲಿಕ್ ಇರಲಿಲ್ಲ. ಸ್ವಲ್ಪ ಎಳೆದು, ಚೈನಿನ ಕರಕರ ಸದ್ದು ನಿಲ್ಲುವವರೆಗೆ ಕೈಯಲ್ಲೇ ಹದ ನೋಡುತ್ತಿದ್ದರು. ಯಾವ ಲಿವರಿಗೆ ಯಾವ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹಾಕಿದರೂ ಹೆಚ್ಚುಕಮ್ಮಿ ನಡೆಯುತ್ತಿತ್ತು, ಹೊಂದಿಸುವ ಕೆಲಸ ಕಿವಿಯದ್ದು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ಡ್ಯುರಾ-ಏಸ್ ಅನ್ನುವ ತನ್ನ ರೇಸ್ ಸೈಕಲ್ ಪಾರ್ಟುಗಳ ಸೆಟ್ಟಿನಲ್ಲಿ ಎಸ್‌ಐಎಸ್ ಅನ್ನುವ ಕ್ಲಿಕ್ ಗೇರು ತಂದಿತು. ಆಮೇಲೆ ಕ್ಲಿಕ್ ಗೇರು ಎಲ್ಲೆಡೆ ಹಬ್ಬಿತು. ಒಂದು ಕ್ಲಿಕ್ಕಿಗೆ ಒಂದು ಗೇರು, ಸುಖ. ಆದರೆ ಕಿವಿ ಮಾಡುತ್ತಿದ್ದ ಲೆಕ್ಕವನ್ನು ಈಗ ಲೋಹವೇ ಮಾಡಬೇಕು.

ಆ ಲೆಕ್ಕ ಕಷ್ಟದ್ದೇನಲ್ಲ. ಒಂದು ಕ್ಲಿಕ್ಕಿಗೆ ಶಿಫ್ಟರ್, ಅಂದರೆ ಗೇರಿನ ಲಿವರ್, ಇಂತಿಷ್ಟು ಕೇಬಲ್ ಎಳೆಯುತ್ತದೆ. ಡಿರೇಲರ್ ಅದನ್ನು ಇಂತಿಷ್ಟು ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ. ಅದು ಎರಡು ಹಲ್ಲುಚಕ್ರಗಳ ನಡುವಿನ ದೂರಕ್ಕೆ ಸರಿಹೋಗಬೇಕು, ಅಷ್ಟೇ. ಶಿಮಾನೊ 8 ಸ್ಪೀಡ್ ತಗೊಳ್ಳಿ: ಶಿಫ್ಟರ್ ಸುಮಾರು 2.8 ಮಿ.ಮೀ. ಎಳೆಯುತ್ತದೆ, ಡಿರೇಲರ್ ಸುಮಾರು 1.7 ಪಟ್ಟು ಮಾಡುತ್ತದೆ. ಗುಣಿಸಿದರೆ 4.8ರ ಹತ್ತಿರ. ಹಲ್ಲುಚಕ್ರಗಳ ಅಂತರವೂ 4.8 ಮಿ.ಮೀ. ಅದೇ 9 ಸ್ಪೀಡಿನಲ್ಲಿ ಅಂತರ ಸುಮಾರು 4.35. ಎಂಟರ ಶಿಫ್ಟರಿಗೆ ಒಂಬತ್ತರ ಕ್ಯಾಸೆಟ್ ಹಾಕಿದರೆ ಒಂದೊಂದು ಕ್ಲಿಕ್ಕಿಗೂ ಅರ್ಧ ಮಿ.ಮೀ.ನಷ್ಟು ಜಾಸ್ತಿ ಸರಿಯುತ್ತದೆ. ಮೊದಲ ಗೇರಿನಲ್ಲಿ ಗೊತ್ತಾಗುವುದಿಲ್ಲ. ನಾಲ್ಕು ಕ್ಲಿಕ್ ಆಗುವ ಹೊತ್ತಿಗೆ ಚೈನು ಎರಡು ಹಲ್ಲುಚಕ್ರಗಳ ನಡುವೆ ಎಲ್ಲೋ ತಡಕಾಡುತ್ತಿರುತ್ತದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಸರಿಹೋಗದು, ಯಾಕಂದರೆ ತಪ್ಪು ಸ್ಕ್ರೂವಿನದಲ್ಲ.

ಇನ್ನು ಮಜಾ ನೋಡಿ. ಶಿಮಾನೊದ ಹಳೆಯ 10 ಸ್ಪೀಡ್ ರೋಡ್ ಶಿಫ್ಟರ್ ಇದೆ. ಅದೇ ಕಂಪನಿಯ 10 ಸ್ಪೀಡ್ ಮೌಂಟೇನ್ ಡಿರೇಲರ್ ಇದೆ. ಎರಡೂ ಹತ್ತು, ಎರಡರ ಮೇಲೂ ಒಂದೇ ಹೆಸರು. ಹೊಂದುತ್ತವಾ? ಇಲ್ಲ. ರೋಡ್ ಶಿಫ್ಟರ್ ಎಳೆಯುವುದು ಸುಮಾರು 2.3 ಮಿ.ಮೀ., ಆ ಮೌಂಟೇನ್ ಡಿರೇಲರಿನ ಪಟ್ಟು ಬರೀ 1.2ರ ಆಸುಪಾಸು. ಮೂರು ಮಿ.ಮೀ. ಕೂಡ ಸರಿಯುವುದಿಲ್ಲ, ಬೇಕಾದದ್ದು ನಾಲ್ಕರ ಹತ್ತಿರ. ಆದರೆ ಅದೇ ರೋಡ್ ಶಿಫ್ಟರಿಗೆ ಹಳೆಯ 9 ಸ್ಪೀಡ್ ಮೌಂಟೇನ್ ಡಿರೇಲರ್ ಹಾಕಿ, ಚೆನ್ನಾಗಿ ನಡೆಯುತ್ತದೆ. ಹತ್ತಕ್ಕೆ ಹತ್ತು ಸೇರಲ್ಲ, ಹತ್ತಕ್ಕೆ ಒಂಬತ್ತು ಸೇರುತ್ತೆ. ಡಿರೇಲರಿಗೆ ತನ್ನ ಹಿಂದೆ ಎಷ್ಟು ಹಲ್ಲುಚಕ್ರ ಇವೆ ಅನ್ನುವುದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕೇಬಲ್ ಎಳೆತ ಮಾತ್ರ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಶಿಫ್ಟರ್ ಮತ್ತು ಹಿಂದಿನ ಡಿರೇಲರ್ ಗಂಡ ಹೆಂಡತಿ ಇದ್ದ ಹಾಗೆ, ಜಾತಕ ನೋಡದೆ ಬೇರೆ ಬೇರೆ ಮನೆಯಿಂದ ತರಬೇಡಿ. ಕ್ಯಾಸೆಟ್ ಅಷ್ಟು ಮುನಿಸಿನದಲ್ಲ. ಶಿಮಾನೊ ಮತ್ತು ಅದರ ಪ್ರತಿಸ್ಪರ್ಧಿ ಕಂಪನಿ ಸ್ರಾಮ್‌ನ 9 ಸ್ಪೀಡ್ ಕ್ಯಾಸೆಟ್‌ಗಳನ್ನು ಅದಲುಬದಲು ಮಾಡಬಹುದು, ಅಂತರ ಹೆಚ್ಚುಕಮ್ಮಿ ಒಂದೇ.

ಚೈನಿನ ವಿಷಯ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಏಳಕ್ಕೂ ಅಷ್ಟೇ, ಹನ್ನೆರಡಕ್ಕೂ ಅಷ್ಟೇ. ಬದಲಾಗುವುದು ಅಗಲ. 6, 7, 8 ಸ್ಪೀಡಿಗೆ ಒಂದೇ ಚೈನು ಸಾಕು, ಹೊರಗಿನ ಅಗಲ ಸುಮಾರು 7.1 ಮಿ.ಮೀ. ಹನ್ನೊಂದಕ್ಕೆ ಬರುವ ಹೊತ್ತಿಗೆ ಅದು 5.5ಕ್ಕೆ ಇಳಿದಿರುತ್ತದೆ. ಅಗಲದ ಚೈನನ್ನು ಇಕ್ಕಟ್ಟಿನ ಕ್ಯಾಸೆಟ್ಟಿಗೆ ಹಾಕಿದರೆ ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತಲೇ ಇರುತ್ತದೆ. ಚೈನು ಕೂಡಿಸುವ ಕ್ವಿಕ್ ಲಿಂಕ್ ಕೂಡ ಅದೇ ಅಗಲದ್ದೇ ಆಗಬೇಕು. ಇದನ್ನು ಜನ ಮರೆಯುತ್ತಾರೆ.

ಎಲ್ಲ ಅಳತೆ ಹೊಂದಿದರೂ ಹೊಂದದೇ ಇರುವ ಒಂದು ಸಂದರ್ಭ ಇದೆ, ಸವೆತ. ಇದನ್ನು ನನ್ನ ಮಂಡಿ ಕಲಿತಿದೆ. ಹಳೆಯ ಹಲ್ಲುಗಳ ಮೇಲೆ ಹೊಸ ಚೈನು ಹಾಕಿಕೊಂಡು ಹೊರಟಿದ್ದೆ. ಏರಿನಲ್ಲಿ ಎದ್ದು ನಿಂತು ತುಳಿದೆ ನೋಡಿ, ಚೈನು ಸರ‍್ರನೆ ಜಾರಿತು, ಕಾಲು ಗಾಳಿಯಲ್ಲಿ ಹೋಗಿ ಮಂಡಿ ಹ್ಯಾಂಡಲ್ಲಿಗೆ ಬಡಿಯಿತು. ಪಾರ್ಟು ಸರಿಯಾದದ್ದೇ. ಆದರೆ ಹಳೆಯ ಚೈನು ಹಿಗ್ಗುತ್ತಾ ಹಿಗ್ಗುತ್ತಾ ಹಲ್ಲುಗಳನ್ನೂ ತನ್ನ ಅಳತೆಗೆ ತೇದುಬಿಟ್ಟಿತ್ತು. ಈಗ ಅವಕ್ಕೆ ಹೊಸ ಚೈನಿನ ಗುರುತೇ ಇಲ್ಲ. ಒಂದು ಸ್ಟೀಲ್ ಸ್ಕೇಲ್ ಇದ್ದರೆ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. ಹೊಸ ಚೈನಾದರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಅದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ದಾಟಿದ್ದರೆ ಹಲ್ಲುಚಕ್ರಗಳೂ ಹೋದವು ಅಂತಲೇ ಲೆಕ್ಕ.

ದೊಡ್ಡ ಕ್ಯಾಸೆಟ್ ಆಸೆ ಇರುವವರಿಗೆ ಇನ್ನೊಂದು ಕೂಡುಕಳೆ ಇದೆ. ಮುಂದೆ, ಪೆಡಲಿನ ಬಳಿ, ದೊಡ್ಡ ಹಲ್ಲುಚಕ್ರಕ್ಕೆ 42 ಹಲ್ಲು, ಸಣ್ಣದಕ್ಕೆ 24, ವ್ಯತ್ಯಾಸ 18. ಹಿಂದೆ 34 ಮತ್ತು 11, ವ್ಯತ್ಯಾಸ 23. ಒಟ್ಟು 41. ನಿಮ್ಮ ಡಿರೇಲರಿಗೆ ಹೇಳಿರುವ ಸಾಮರ್ಥ್ಯ, ಅಂದರೆ ಎಷ್ಟು ಹಲ್ಲಿನ ವ್ಯತ್ಯಾಸದವರೆಗೆ ಅದು ಚೈನನ್ನು ಬಿಗಿಯಾಗಿ ಹಿಡಿಯಬಲ್ಲದು ಅನ್ನುವುದು, ಇದಕ್ಕಿಂತ ಕಮ್ಮಿ ಇದ್ದರೆ ಎಲ್ಲೋ ಒಂದು ಕಡೆ ಚೈನು ಜೋತಾಡುತ್ತದೆ. ಜೋತಾಡಿದರೆ ಪರವಾಗಿಲ್ಲ ಅನ್ನಿ. ಅದನ್ನು ತಪ್ಪಿಸೋಕೆ ಚೈನು ಗಿಡ್ಡ ಮಾಡಿ, ಒಂದು ದಿನ ಮರೆತು ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು ಹಾಕಿದಿರೋ, ಡಿರೇಲರ್ ಕಿತ್ತು ಬರುತ್ತದೆ.

ಹೊಸ ಹೊಸ ಅಳತೆಗಳೆಲ್ಲ ಕಂಪನಿಗಳ ದುರಾಸೆ ಅಂತ ಬೈಯುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಹಳೆಯ ಹಬ್ಬಿನ ಮೇಲೆ 11 ಹಲ್ಲಿಗಿಂತ ಸಣ್ಣ ಚಕ್ರ ಕೂರಿಸುವುದು ಕಷ್ಟ. ಹತ್ತು ಹಲ್ಲು ಬೇಕು ಅಂತ ಹಬ್ಬಿಗೆ ಕ್ಯಾಸೆಟ್ ಕೂರುವ ಬಗೆಯನ್ನೇ ಬದಲಿಸಿ ಸ್ರಾಮ್ ಎಕ್ಸ್‌ಡಿ ಮಾಡಿತು, ಶಿಮಾನೊ ಮೈಕ್ರೊ ಸ್ಪ್ಲೈನ್ ಮಾಡಿತು. ಕಾರಣ ಇದೆ. ಆದರೆ ಆ ಹತ್ತು ಹಲ್ಲು ನನಗೆ ಬೇಕಾ? ದಿನಾ ಓಡಾಡುವ, ಭಾನುವಾರ ಒಂದಿಷ್ಟು ದೂರ ಹೋಗಿ ಬರುವ ನನ್ನಂಥವರಿಗೆ ಎಂಟು ಗೇರು ಧಾರಾಳ. ಬಿಡಿಭಾಗ ಸಿಗುತ್ತದೆ, ಚೈನು ದಪ್ಪ, ಸ್ವಲ್ಪ ಅಡ್ಜಸ್ಟ್‌ಮೆಂಟ್ ತಪ್ಪಿದರೂ ಸಹಿಸಿಕೊಳ್ಳುತ್ತದೆ.

ಅಂದ ಹಾಗೆ, ಪೆಡಲ್ ಒಂದೇ ಈ ಗಲಾಟೆಯಿಂದ ದೂರ ಉಳಿದ ಪುಣ್ಯಾತ್ಮ. ಮೂರು ತುಂಡಿನ ಕ್ರ್ಯಾಂಕ್ (ಪೆಡಲ್ ಹಿಡಿಯುವ ಎರಡು ತೋಳು, ನಡುವೆ ಒಂದು ಅಚ್ಚು) ಇರುವ ಸೈಕಲ್ಲುಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಥ್ರೆಡ್ಡು, ಇಂಚಿನ ಹದಿನಾರನೇ ಒಂಬತ್ತು ಭಾಗ. ಎಡಗಡೆಯದು ಉಲ್ಟಾ ತಿರುಗುತ್ತದೆ ಅನ್ನುವುದೊಂದು ನೆನಪಿದ್ದರೆ ಆಯಿತು.

ಆ ಕ್ಯಾಸೆಟ್ ಏನಾಯಿತು ಅಂತ ಕೇಳ್ತೀರಲ್ವಾ? ವಾಪಸ್ ಕಳಿಸುವ ಗಡುವು ಮುಗಿದಿತ್ತು. ಎರಡು ವರ್ಷ ಮೊಳೆಗೆ ನೇತುಹಾಕಿದ್ದೆ. ಆಮೇಲೆ ಹಿಂದಿನ ಚಕ್ರದ ರಿಮ್ ಹೋಯಿತು. ಹೇಗೂ ಹೊಸ ಚಕ್ರ ತರಬೇಕು ಅಂದುಕೊಂಡು ಈ ಸಲ ಮೊದಲು ಫ್ರೇಮಿನ ಹಿಂದಿನ ಅಗಲ ಅಳೆದೆ, 135 ಮಿ.ಮೀ. ಅದಕ್ಕೆ ಸರಿಯಾಗಿ 8 ಸ್ಪೀಡ್ ಕ್ಯಾಸೆಟ್ ಹಿಡಿಸುವ ಹಬ್ಬಿನ ಚಕ್ರ ತಂದೆ. ಏಳರ ಕ್ಯಾಸೆಟ್ ಅದರ ಮೇಲೆ ಕೂರಬೇಕಾದರೆ ಹಿಂದೆ 4.5 ಮಿ.ಮೀ. ದಪ್ಪದ ಸ್ಪೇಸರ್ ಬಳೆ ಹಾಕಬೇಕು. ಹಾಕಿ, ಲಾಕ್‌ರಿಂಗ್ ಬಿಗಿದೆ. ಶಿಫ್ಟರ್ ಹಳೆಯದೇ. ಏಳೂ ಗೇರು ಒಂದೊಂದೇ ಕ್ಲಿಕ್ಕಿಗೆ ಬಿದ್ದವು.