ಬುತ್ತಿ ಹಳಸುವಷ್ಟು ದೂರದ ಮ್ಯಾಚು

2024ರ ಅಕ್ಟೋಬರ್ 25, ಶುಕ್ರವಾರ. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆ. ತಿಪಟೂರಿನಿಂದ ಬಂದಿದ್ದ ಅಮ್ಮ ನೀರು ಕುಡಿಯಲು ಎದ್ದು ಬಂದರು. ನನ್ನ ಮಗ ಕೆಂಪು ಟೀ ಶರ್ಟ್ ಹಾಕಿಕೊಂಡು ಟಿವಿ ಮುಂದೆ ಕೂತಿದ್ದ.

“ಇನ್ನೂ ಮಲಗಿಲ್ವೇನೋ?”

“ಮ್ಯಾಚ್ ಅಜ್ಜಿ.”

“ಮುಗೀತಾ?”

“ಈಗ ಶುರು.”

ಫುಟ್‌ಬಾಲ್ ಅಂತ ಹೆಸರಿಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಅದರ ಬಗ್ಗೆ ಅಮ್ಮ ಏನೂ ಕೇಳಲಿಲ್ಲ. ಯಾವೂರಿಗೂ ಯಾವೂರಿಗೂ ಅಂತ ಮಾತ್ರ ಕೇಳಿದರು. ಒಂದು ಕಡೆ ರಟ್ಗರ್ಸ್ ಯೂನಿವರ್ಸಿಟಿ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಇನ್ನೊಂದು ಕಡೆ ಲಾಸ್ ಏಂಜಲೀಸ್‌ನ ಯುಎಸ್‌ಸಿ. ಆಟ ಅಲ್ಲಿ. ಅಲ್ಲಿನ್ನೂ ರಾತ್ರಿ ಎಂಟು. ನಡುವೆ ಸುಮಾರು 3,900 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹಾರಿ, ವಾಪಸು ಬೆಂಗಳೂರಿಗೆ ಬಂದಿಳಿದರೂ ಅಷ್ಟಾಗುವುದಿಲ್ಲ.

“ಅಷ್ಟ್ ದೂರ ಯಾಕೆ ಹೋದ್ರು? ಹತ್ರದಲ್ಲಿ ಯಾರೂ ಸಿಗ್ಲಿಲ್ವಾ?”

“ಇಬ್ರೂ ಒಂದೇ ಗುಂಪು ಅಜ್ಜಿ. ಬಿಗ್ ಟೆನ್ ಕಾನ್ಫರೆನ್ಸ್.”

“ಟೆನ್ ಅಂದ್ರೆ ಹತ್ತು ತಾನೇ? ಹತ್ತರಲ್ಲಿ ಹತ್ರದವರು ಒಬ್ರೂ ಇಲ್ವಾ?”

“ಹತ್ತಲ್ಲ ಅಜ್ಜಿ, ಹದಿನೆಂಟು.”

ಅಮ್ಮ ನನ್ನ ಕಡೆ ತಿರುಗಿ ನೋಡಿದರು. ಇಷ್ಟು ಫೀಸು ಕಟ್ಟಿ ಮಗನಿಗೆ ಕಲಿಸಿದ ಲೆಕ್ಕ ಇದೇನಾ ಅನ್ನುವ ನೋಟ.

ಹುಡುಗನ ತಪ್ಪಿಲ್ಲ. ಕಾನ್ಫರೆನ್ಸ್ ಅಂದರೆ ನಮ್ಮ ಕಡೆಯ ಹೋಬಳಿ ಟೂರ್ನಮೆಂಟ್ ಇದ್ದ ಹಾಗೆ. ಅಕ್ಕಪಕ್ಕದ ಕಾಲೇಜುಗಳು ತಮ್ಮತಮ್ಮಲ್ಲೇ ಆಡಿಕೊಳ್ಳಲು ಮಾಡಿಕೊಂಡ ಕಟ್ಟು. ಬಿಗ್ ಟೆನ್ ಹುಟ್ಟಿದ್ದು 1896ರಲ್ಲಿ, ಅಮೆರಿಕದ ನಡುಮಧ್ಯದ ಜೋಳದ ಹೊಲಗಳ ಸೀಮೆಯಲ್ಲಿ. ಈಗ ಅದು ಅಟ್ಲಾಂಟಿಕ್‌ನಿಂದ ಪೆಸಿಫಿಕ್ ತನಕ ಹಬ್ಬಿದೆ, ಹೆಸರು ಮಾತ್ರ ಹತ್ತರಲ್ಲೇ ನಿಂತಿದೆ. ಇದರ ದಾಯಾದಿ ಬಿಗ್ ಟ್ವೆಲ್ವ್‌ನಲ್ಲಿ ಇರುವವರು 16. 2012ರಲ್ಲಂತೂ ಬಿಗ್ ಟೆನ್‌ನಲ್ಲಿ 12 ಟೀಮು, ಬಿಗ್ ಟ್ವೆಲ್ವ್‌ನಲ್ಲಿ 10. ಎರಡು ಬೋರ್ಡು ಅದಲು ಬದಲು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಯಾರಿಗೂ ಏಣಿ ಸಿಗಲಿಲ್ಲವೇನೋ.

ಲೆಕ್ಕ ಹೀಗಾದರೆ ಭೂಗೋಳದ್ದು ಇನ್ನೂ ಚೆಂದ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಚಿಕ್ಕದಾಗಿ ಎಸಿಸಿ, ಅಂತ ಒಂದಿದೆ, 1953ರದು. ಅಟ್ಲಾಂಟಿಕ್ ಕರಾವಳಿಯ ಈ ಸಂಘಕ್ಕೆ 2024ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದವು. ಎರಡೂ ಕ್ಯಾಲಿಫೋರ್ನಿಯಾದಲ್ಲಿವೆ. ಅಲ್ಲಿನ ಸನ್ನಿವೇಲ್ ಕನ್ನಡಿಗರು ಬೇಕಾದರೆ ಕಿಟಕಿ ತೆಗೆದು ಹೇಳಲಿ, ಅಟ್ಲಾಂಟಿಕ್‌ನ ಅಲೆ ಕೇಳಿಸುತ್ತಾ? ಜೊತೆಗೆ ಡಲ್ಲಾಸ್‌ನಿಂದ ಎಸ್‌ಎಂಯು ಅನ್ನುವ ಯೂನಿವರ್ಸಿಟಿ ಬಂತು. ಟಿವಿ ದುಡ್ಡಿನ ಪಾಲು ಒಂಬತ್ತು ವರ್ಷ ಬೇಡ, ಸುಮ್ನೆ ಸೇರಿಸಿಕೊಳ್ಳಿ ಸಾಕು ಅಂದಿತು. ಎಲೆಗೆ ಏನೂ ಬಡಿಸಬೇಡಿ, ಪಂಕ್ತಿಯಲ್ಲಿ ಕೂರಲು ಬಿಡಿ ಅನ್ನುವ ನೆಂಟನನ್ನು ನಾನು ಇದೇ ಮೊದಲು ನೋಡಿದ್ದು.

ಇದೆಲ್ಲ ಯಾಕೆ ಅಂದರೆ ಟಿವಿ. ಬಿಗ್ ಟೆನ್‌ಗೆ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂರೂ ಸೇರಿ ಏಳು ವರ್ಷಕ್ಕೆ ಕೊಡಲು ಒಪ್ಪಿದ್ದು 700 ಕೋಟಿ ಡಾಲರ್‌ಗೂ ಜಾಸ್ತಿ. ಅಷ್ಟು ಕೊಟ್ಟವರು ಸುಮ್ಮನೆ ಕೂರುತ್ತಾರಾ? ಮುಹೂರ್ತ ಇಡುವವರು ಅವರೇ. ಸೀಸನ್‌ಗೆ ಮುಂಚೆ ಪಟ್ಟಿ ಬರುತ್ತದೆ. ಎದುರಾಳಿ ಗೊತ್ತು, ದಿನ ಗೊತ್ತು, ಹೊತ್ತು ಮಾತ್ರ ಎಷ್ಟೋ ಮ್ಯಾಚುಗಳಿಗೆ ಗೊತ್ತಿಲ್ಲ. ಅಲ್ಲಿ ಟಿಬಿಡಿ ಅಂತ ಬರೆದಿರುತ್ತದೆ, ಅಂದರೆ ಆಮೇಲೆ ಹೇಳ್ತೀವಿ ಅಂತ. ಸಾಮಾನ್ಯವಾಗಿ 12 ದಿನ ಮುಂಚೆ ಹೇಳುತ್ತಾರೆ. ಟಿವಿಯವರಿಗೆ ಇನ್ನೂ ಯೋಚನೆ ಬಾಕಿ ಇದ್ದರೆ ಆರೇ ದಿನ. ಲಗ್ನಪತ್ರಿಕೆಯಲ್ಲಿ ‘ಮುಹೂರ್ತ: ಮಧ್ಯಾಹ್ನವೋ ರಾತ್ರಿಯೋ, ಚಪ್ಪರ ಹಾಕಿದ ಮೇಲೆ ತಿಳಿಸಲಾಗುವುದು, ತಾವು ಸಕುಟುಂಬ ಸಪರಿವಾರ ಬಂದು ಕಾದಿರತಕ್ಕದ್ದು’ ಅಂತ ಅಚ್ಚು ಹಾಕಿಸಿದರೆ ಯಾವ ಬೀಗರು ಬರುತ್ತಾರೆ? ಇಲ್ಲಿ ಲಕ್ಷ ಜನ ಬರುತ್ತಾರೆ, ಪಾರ್ಕಿಂಗಿಗೆ ದುಡ್ಡನ್ನೂ ಕೊಡುತ್ತಾರೆ.

ನಾನೂ ಒಮ್ಮೆ ಮಧ್ಯಾಹ್ನದ ಆಟವಿರಬಹುದು ಅಂತ ಟಿಕೆಟ್ ತೆಗೆದಿದ್ದೆ. ಸಂಜೆ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ, ನಾಟಕದಲ್ಲಿ ನನಗೆ ದ್ವಾರಪಾಲಕನ ಪಾರ್ಟು. ಆರು ದಿನ ಇದೆ ಅನ್ನುವಾಗ ಆಟ ರಾತ್ರಿಗೆ ಹೋಯಿತು. ಟಿಕೆಟ್ ದಂಡ. ದ್ವಾರಪಾಲಕ ಅವತ್ತು ನಿಜವಾದ ಸಿಟ್ಟಿನಲ್ಲೇ ನಿಂತಿದ್ದ ಅಂತ ಎಲ್ಲರೂ ಹೊಗಳಿದರು, ಅದು ಬೇರೆ ಮಾತು.

ಫಾಕ್ಸ್ ಟಿವಿಗೆ ಪ್ರೀತಿಯ ಹೊತ್ತು ಶನಿವಾರ ನ್ಯೂಯಾರ್ಕ್ ಸಮಯ ಮಧ್ಯಾಹ್ನ 12. ಆಗ ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಒಂಬತ್ತು. ಶನಿವಾರ ಒಂಬತ್ತರಿಂದ ಹತ್ತೂವರೆ ಏನು ಅಂತ ನಮ್ಮ ಗೋಡೆ ಕ್ಯಾಲೆಂಡರ್ ನೋಡಿದವರಿಗೆಲ್ಲ ಗೊತ್ತು. ಸರಿಯಾಗಿ ರಾಹುಕಾಲ. ಕ್ಯಾಲಿಫೋರ್ನಿಯಾದವರು ಹಲ್ಲುಜ್ಜಿ ಟಿವಿ ಹಾಕುವ ಹೊತ್ತಿಗೆ ಅವರ ಟೀಮು ಪೂರ್ವದ ಊರಲ್ಲಿ ಒದೆ ತಿನ್ನಲು ಶುರು ಮಾಡಿರುತ್ತದೆ. ನೂರಾರು ಕೋಟಿ ಸುರಿಯುವವರು ಒಂದು ಪಂಚಾಂಗ ತರಿಸಬಾರದಾ?

ಅಮ್ಮ ಅವತ್ತು ರಾತ್ರಿ ಲೋಟ ಕೆಳಗಿಟ್ಟು ಒಂದು ಮಾತು ಹೇಳಿದರು. “ನಮ್ಮಪ್ಪ ಹೆಣ್ಣು ಕೊಡುವಾಗ ಒಂದೇ ನೋಡ್ತಿದ್ರು. ಬೆಳಿಗ್ಗೆ ಕಟ್ಟಿದ ಬುತ್ತಿ ಹಳಸೋದ್ರೊಳಗೆ ಆ ಊರು ಸೇರಬೇಕು. ಅದಕ್ಕಿಂತ ದೂರದ ಸಂಬಂಧ ಬೇಡ ಅಂತಿದ್ರು.”

ಕಾನ್ಫರೆನ್ಸ್‌ಗಳ ಕಮಿಷನರ್‌ಗಳಿಗೆ ನನ್ನ ಸಲಹೆ ಇಷ್ಟೇ. ಕಂಪ್ಯೂಟರ್ ಆಫ್ ಮಾಡಿ, ಮೊಸರನ್ನ ಕಲಸಿ. ಅನ್ನವನ್ನು ಹಾಲಿನಲ್ಲಿ ಚೆನ್ನಾಗಿ ಹಿಸುಕಿ ಒಂದೇ ಚಮಚ ಮೊಸರು ಹಾಕಿದರೆ ಎಂಟು ಗಂಟೆಗೇನೂ ಮೋಸವಿಲ್ಲ. ಬಸ್ಸಿನಲ್ಲಿ ಎಂಟು ಗಂಟೆಯೊಳಗೆ ಯಾವ ಕಾಲೇಜು ಸಿಗುತ್ತದೋ ಅದೇ ನಿಮ್ಮ ಕಾನ್ಫರೆನ್ಸ್. ರಟ್ಗರ್ಸ್‌ನವರು ಪೆನ್ ಸ್ಟೇಟ್‌ಗೆ ಹೋಗಲಿ, ಮೇರಿಲ್ಯಾಂಡ್‌ಗೆ, ಸಿರಾಕ್ಯೂಸ್‌ಗೆ, ಬಾಸ್ಟನ್‌ಗೆ ಹೋಗಲಿ. ಉಪ್ಪಿನಕಾಯಿ ಜಾಸ್ತಿ ಇದ್ದರೆ ಪಿಟ್ಸ್‌ಬರ್ಗ್‌ಗೂ ಹೋಗಬಹುದು. ಯುಎಸ್‌ಸಿ ಎದುರು ಆಡಲೇಬೇಕು ಅಂದರೆ ನಾಲ್ಕೈದು ದಿನದ ಬುತ್ತಿ ಬೇಕು. ಅದಕ್ಕೆ ಚಕ್ಕುಲಿ ಕೋಡುಬಳೆ ಆದೀತು, ಮೊಸರನ್ನ ಆಗದು.

ಇದೇನು ಹೊಸ ಸೂತ್ರವಲ್ಲ. ಈ ದೇಶದ ಮೊಟ್ಟಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ನಡೆದದ್ದು ನಮ್ಮ ಮನೆ ಹತ್ತಿರದ ನ್ಯೂ ಬ್ರನ್ಸ್‌ವಿಕ್‌ನಲ್ಲಿ, 1869ರ ನವೆಂಬರ್ 6ರಂದು. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್. ನಡುವೆ 30 ಕಿಲೋಮೀಟರ್ ಕೂಡ ಇಲ್ಲ. ಪ್ರಿನ್ಸ್‌ಟನ್ ಹುಡುಗರು ರೈಲು ಹತ್ತಿ ಬಂದರು, 6–4ರಲ್ಲಿ ಸೋತರು, ಅದೇ ದಾರಿಯಲ್ಲಿ ಮನೆಗೆ ಹೋದರು. ಅವರು ಬುತ್ತಿ ತಂದಿದ್ದರೋ ಇಲ್ಲವೋ, ತಂದಿದ್ದರೆ ಖಂಡಿತ ಹಳಸುತ್ತಿರಲಿಲ್ಲ. ಈ ಎರಡು ಕಾಲೇಜು 1980ರ ಮೇಲೆ ಫುಟ್‌ಬಾಲ್‌ನಲ್ಲಿ ಎದುರಾಗಿಯೇ ಇಲ್ಲ. ಆಟ ಹುಟ್ಟಿಸಿದ ನೆರೆಹೊರೆ ಮಾತು ಬಿಟ್ಟಿದೆ, ಲಾಸ್ ಏಂಜಲೀಸ್‌ಗೆ ವಿಮಾನ ರೆಡಿ ಇದೆ.

ನೆರೆಹೊರೆಯವರು ಒಂದೇ ಕಾನ್ಫರೆನ್ಸ್‌ನಲ್ಲಿದ್ದರೂ ಆಡುತ್ತಾರೆ ಅಂತ ಗ್ಯಾರಂಟಿ ಇಲ್ಲ. ನಾರ್ತ್ ಕ್ಯಾರೊಲೈನಾ ಮತ್ತು ವೇಕ್ ಫಾರೆಸ್ಟ್ ಎರಡೂ 1953ರಿಂದ ಎಸಿಸಿಯ ಮನೆಮಕ್ಕಳು. ಒಂದೂವರೆ ಗಂಟೆಯ ದಾರಿ. ಸಂಘ ಬೆಳೆದು ಬೆಳೆದು ಇವರಿಬ್ಬರ ಭೇಟಿಯೇ ಅಪರೂಪವಾಯಿತು. ಕೊನೆಗೆ ಅವರೇ ಮಾತಾಡಿಕೊಂಡು 2019ರಲ್ಲಿ ಒಂದು, 2021ರಲ್ಲಿ ಒಂದು ಮ್ಯಾಚು ಇಟ್ಟುಕೊಂಡರು. ಕಾನ್ಫರೆನ್ಸ್ ಲೆಕ್ಕದ ಹೊರಗೆ! ಅಣ್ಣತಮ್ಮಂದಿರು ಮನೆಯಲ್ಲಿ ಸಿಗುವುದಿಲ್ಲ ಅಂತ ಹೋಟೆಲಿನಲ್ಲಿ ಭೇಟಿಯಾದ ಹಾಗೆ.

ಬಿಗ್ ಟ್ವೆಲ್ವ್‌ನವರೂ ಕಮ್ಮಿಯಿಲ್ಲ. ಅರಿಜೋನಾ ಮತ್ತು ಕ್ಯಾನ್ಸಸ್ ಸ್ಟೇಟ್ ಬೇರೆ ಬೇರೆ ಸಂಘದಲ್ಲಿದ್ದಾಗಲೇ 2024 ಮತ್ತು 2025ಕ್ಕೆ ಪಂದ್ಯ ಒಪ್ಪಿಕೊಂಡಿದ್ದವು. ಅಷ್ಟರಲ್ಲಿ ಅರಿಜೋನಾ ಇದೇ ಸಂಘಕ್ಕೆ ಬಂತು. ಪಂದ್ಯ ನಡೆಯಿತು, ಜನ ಕೂಗಿದರು, ಹುಡುಗರ ಮೊಣಕಾಲು ಕೆತ್ತಿತು. ಆದರೆ ಗೆಲುವು ಸೋಲು ಎರಡೂ ಕಾನ್ಫರೆನ್ಸ್ ಪಟ್ಟಿಗೆ ಇಲ್ಲ. ನಮ್ಮಲ್ಲಿ ಚಿಕ್ಕ ಮಕ್ಕಳು ಅಳಬಾರದು ಅಂತ ಆಟಕ್ಕೆ ಸೇರಿಸಿಕೊಂಡು ಔಟಾದರೂ ಔಟಲ್ಲ ಅನ್ನುತ್ತೇವಲ್ಲ, ಹಾಗೆ. ಆಟಕ್ಕುಂಟು ಲೆಕ್ಕಕ್ಕಿಲ್ಲ.

ಬಿಗ್ ಟೆನ್ ತನ್ನ ಪದ್ಧತಿಗೆ ಫ್ಲೆಕ್ಸ್ ಪ್ರೊಟೆಕ್ಟ್ ಎಯ್ಟೀನ್ ಅಂತ ಹೆಸರಿಟ್ಟಿದೆ. ಟೂತ್‌ಪೇಸ್ಟ್ ಅಲ್ಲ, ವೇಳಾಪಟ್ಟಿ. ಹಳೇ ಜಿದ್ದುಗಳನ್ನು ಇದರಲ್ಲಿ ಕಾಪಾಡುತ್ತಾರಂತೆ. ಅಯೋವಾಗೆ ಮೂರು ಕಾಯಂ ವೈರಿಗಳು. ಪೆನ್ ಸ್ಟೇಟ್‌ಗೆ ಒಬ್ಬರೂ ಇಲ್ಲ. ಬಿಗ್ ಟೆನ್ ಸೇರಿ ಮೂವತ್ತು ವರ್ಷ ದಾಟಿದರೂ ಪಟ್ಟಿಯಲ್ಲಿ ಒಂದು ಜಗಳವೂ ಇಲ್ಲ ಪಾಪ.

ದುಡ್ಡು ಕೊಟ್ಟು ಸಣ್ಣ ಕಾಲೇಜನ್ನು ಸೋಲಲು ಕರೆಸುವ ಪದ್ಧತಿಯೂ ಇದೆ. 2007ರಲ್ಲಿ ಮಿಷಿಗನ್ ಹಾಗೆ 4 ಲಕ್ಷ ಡಾಲರ್ ಕೊಟ್ಟು ಅಪಲಾಚಿಯನ್ ಸ್ಟೇಟ್ ಅನ್ನು ಕರೆಸಿ 34–32ರಲ್ಲಿ ತಾನೇ ಸೋತಿತು. ಇದೊಂದು ಪದ್ಧತಿಯನ್ನು ಮುಟ್ಟಬೇಡಿ. ಮನರಂಜನೆಯೂ ಬೇಕು.

ಫುಟ್‌ಬಾಲ್ ಹುಡುಗರಾದರೂ ವಾರಕ್ಕೊಂದೇ ಪಂದ್ಯ ಆಡುತ್ತಾರೆ. ಅದೇ ಕಾನ್ಫರೆನ್ಸಿನ ವಾಲಿಬಾಲ್ ಹುಡುಗಿಯರು ವಾರದ ನಡುವೆಯೂ ಆಡಬೇಕು, ಮರುದಿನ ಕ್ಲಾಸಿನಲ್ಲಿ ಕೂರಬೇಕು. ಅವರ ಆಟ ಯಾವ ಟಿವಿಯ 700 ಕೋಟಿಯನ್ನೂ ತರಲಿಲ್ಲ, ಪ್ರಯಾಣ ಮಾತ್ರ ಪಾಲಿಗೆ ಬಂತು. ಇದನ್ನು ತಮಾಷೆ ಮಾಡಲು ನನಗೆ ಬರುತ್ತಿಲ್ಲ.

ಆ ರಾತ್ರಿ ರಟ್ಗರ್ಸ್ 42–20ರಲ್ಲಿ ಸೋತಿತು. ಅಮ್ಮ ಅಷ್ಟರಲ್ಲಿ ಒಂದು ನಿದ್ದೆ ಮುಗಿಸಿದ್ದರು.

ಈಗ ಅಮ್ಮ ವಾಪಸು ತಿಪಟೂರಿನಲ್ಲಿದ್ದಾರೆ. ಮಗ ವಿಡಿಯೋ ಕಾಲ್ ಮಾಡಿ ವರದಿ ಒಪ್ಪಿಸುತ್ತಾನೆ. 2025ರ ಕೊನೆಯಲ್ಲಿ ಎಸಿಸಿಯ ಕಥೆ ಹೇಳಿದ. ಹದಿನೇಳು ಟೀಮು, ಒಬ್ಬೊಬ್ಬರಿಗೆ ಎಂಟೇ ಪಂದ್ಯ. ಎರಡನೇ ಜಾಗಕ್ಕೆ ಐದು ಟೀಮು ಸಮಸಮ. ಯಾರು ಯಾರೊಡನೆ ಆಡಿದ್ದರು ಅಂತ ಗುಣಾಕಾರ ಭಾಗಾಕಾರ ಮಾಡಿ ಡ್ಯೂಕ್ ಅನ್ನು ಫೈನಲ್‌ಗೆ ತಂದರು. ಐದು ಪಂದ್ಯ ಸೋತಿದ್ದ ಡ್ಯೂಕ್ ಚಾಂಪಿಯನ್ ಕೂಡ ಆಯಿತು. ಆದರೆ 12 ಟೀಮಿನ ರಾಷ್ಟ್ರೀಯ ಪ್ಲೇಆಫ್‌ಗೆ ಅದಕ್ಕೆ ಕರೆ ಬರಲಿಲ್ಲ. ಕರೆ ಬಂದದ್ದು ಆ ಫೈನಲ್ ಮುಟ್ಟದ, ಅದೇ ಎಸಿಸಿಯ ಮಯಾಮಿಗೆ. ಇಬ್ಬರೂ ಆ ವರ್ಷ ಎದುರಾಬದುರಾ ಆಡಿಯೇ ಇರಲಿಲ್ಲ. “ಗಂಡು ಬೀದೀಲಿ, ಊಟಕ್ಕೆ ಬಂದವನು ಹಸೆಮಣೆ ಮೇಲೆ,” ಅಂದರು ಅಮ್ಮ.

ಆಮೇಲೆ ಪ್ಯಾಕ್ ಟ್ವೆಲ್ವ್ ಅನ್ನುವ ಪಶ್ಚಿಮದ ಕಾನ್ಫರೆನ್ಸಿನ ಕಥೆ. ಹನ್ನೆರಡರಲ್ಲಿ ಹತ್ತು ಟೀಮು ಬಿಟ್ಟುಹೋಗಿ ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಇಬ್ಬರೇ ಉಳಿದಿದ್ದರು. 2025ರಲ್ಲಿ ಒಂದೇ ತಿಂಗಳಲ್ಲಿ ಇವರ ಮೈದಾನದಲ್ಲಿ ಒಂದು, ಅವರ ಮೈದಾನದಲ್ಲಿ ಒಂದು ಅಂತ ತಮ್ಮತಮ್ಮಲ್ಲೇ ಎರಡು ಸಲ ಆಡಿಕೊಂಡರು.

“ಎಷ್ಟು ದೂರ?”

“ಬಸ್ಸಲ್ಲಿ ಏಳೆಂಟು ಗಂಟೆ ಅಜ್ಜಿ.”

“ಮೊಸರನ್ನ ತಡೆಯುತ್ತೆ. ಅವರಿಬ್ಬರೇ ಸರಿಯಾದವರು.”

ಮಗ ಕಿಲಾಡಿ. “ಅಜ್ಜಿ, ನಿನ್ನ ಬುತ್ತಿ ಲೆಕ್ಕದಲ್ಲಿ ಅಪ್ಪ ಈ ಊರಲ್ಲಿ ಇರೋ ಹಾಗೇ ಇಲ್ವಲ್ಲ? ತಿಪಟೂರಿಂದ ಇಲ್ಲಿಗೆ ಎರಡು ವಿಮಾನ, ಇಡೀ ಒಂದು ದಿನ.”

ಅಮ್ಮ ಕನ್ನಡಕ ಸರಿಮಾಡಿಕೊಂಡು ಫೋನನ್ನು ಮುಖದ ಹತ್ತಿರ ತಂದರು. ಪರದೆ ತುಂಬ ಹಣೆಯ ಕುಂಕುಮ ಮಾತ್ರ ಕಾಣುತ್ತಿತ್ತು.

“ನಿಮ್ಮಪ್ಪನಾ? ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.”